ರೀಲಿಗೆ ಹನ್ನೆರಡೇ

ಹಳೇ ಟ್ರ್ಯಾಕ್ಟರಿಗೆ ಸಾಲ ಕೊಡಬಹುದೋ ಬಾರದೋ ಎಂದು ನೋಡಿ ಬರುವುದು ಬ್ಯಾಂಕಿನಲ್ಲಿ ನನ್ನ ಕೆಲಸ. ಟೈರು ಒದ್ದು, ಸೈಲೆನ್ಸರಿನ ಹೊಗೆಯ ಬಣ್ಣ ನೋಡಿ, ಆರ್‌ಸಿ ಬುಕ್ಕಿನಲ್ಲಿ ಎಷ್ಟು ಮಾಲೀಕರ ಹೆಸರಿದೆ ಎಂದು ಎಣಿಸಿ, ಎಲ್ಲ ಸರಿಯಿದ್ದರೂ ಒಮ್ಮೆ ‘ಹ್ಞೂಂ’ ಎಂದು ಅನುಮಾನದಿಂದ ತಲೆ ಆಡಿಸಿ ವರದಿ ಬರೆಯುತ್ತೇನೆ. ಸೆಕೆಂಡ್ ಹ್ಯಾಂಡ್ ಮಾಲಿನ ವಿಷಯದಲ್ಲಿ ನನಗೆ ಟೋಪಿ ಹಾಕುವುದು ಕಷ್ಟ ಎಂಬ ಹೆಸರು ರಾಯಚೂರಿನಲ್ಲಿ ಇದೆ. ಅದನ್ನು ಹಬ್ಬಿಸಿದವನೂ ನಾನೇ.

ಅಂಥವನಿಗೆ ಹಳೇ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಳ್ಳುವ ಮನಸ್ಸಾಯಿತು. ಅದೇನೆಂದು ಮನೆಯಲ್ಲಿ ಬಿಡಿಸಿ ಹೇಳಿದೆ. ನಮ್ಮ ಕಾಲದ ಮದುವೆಗಳಲ್ಲಿ ಓಡಾಡಿದ್ದು 35 ಮಿಲಿಮೀಟರಿನ ಸಣ್ಣ ರೀಲು. ಇದು ‘ಒನ್ ಟ್ವೆಂಟಿ’ ರೀಲು. ಕೊಡಕ್ ಕಂಪನಿ 1901ರಲ್ಲಿ ತಂದದ್ದು, ಆರು ಸೆಂಟಿಮೀಟರ್ ಅಗಲ. ಅದರ ಚೌಕ ನೆಗೆಟಿವ್ ಸಣ್ಣ ರೀಲಿನದಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಗೋಡೆಯಷ್ಟು ದೊಡ್ಡದು ಮಾಡಿಸಿದರೂ ರೆಪ್ಪೆಯ ಕೂದಲು ಎಣಿಸಬಹುದು. ಒಂದು ರೀಲಿಗೆ 12 ಫೋಟೋ.

‘ಹನ್ನೆರಡೇ?’ ಎಂದಳು ಹೆಂಡತಿ. ‘ನಿನ್ನೆ ಸಂಜಿಗೆ ಮೊಬೈಲಿನಾಗ ಆ ಬೆಕ್ಕಿಂದ ಒಂದಕ್ಕ ನಲವತ್ತು ತೆಗದೀರಿ.’

ಆಮೇಲೆ ಲೆಕ್ಕ ಹಿಡಿದು ಕೂತಳು. ರೀಲಿಗೆ ಸಾವಿರ ರೂಪಾಯಿಯ ಆಸುಪಾಸು. ತೊಳೆಸಿ ಸ್ಕ್ಯಾನ್ ಮಾಡಿಸಲು ಬೆಂಗಳೂರಿಗೆ ಕಳಿಸಬೇಕು; ಕೊರಿಯರ್ ಸೇರಿ ಹತ್ತಿರ ಹತ್ತಿರ ಐನೂರು. ಹನ್ನೆರಡರಿಂದ ಭಾಗಿಸಿದರೆ ಒಂದಕ್ಕೆ ನೂರಾ ಇಪ್ಪತ್ತೈದು. ‘ಅಂದ್ರ ಒಂದ್ಸಲ ಗುಂಡಿ ಒತ್ತಿದ್ರ ಎರಡು ಕಿಲೋ ಸೋನಾಮಸೂರಿ ಹ್ವಾದಂಗ. ನೀವು ಕಣ್ಣು ಮುಚ್ಚಿದ್ರ ಅದೂ ಇಲ್ಲ, ಇದೂ ಇಲ್ಲ.’ ಕಣ್ಣು ಮುಚ್ಚುವವರು ಫೋಟೋಕ್ಕೆ ನಿಂತವರು, ತೆಗೆಯುವವರಲ್ಲ ಎಂದು ತಿದ್ದಿದೆ. ಉಪಯೋಗವಾಗಲಿಲ್ಲ.

ಇದೇನು ಪರದೇಶದ ಹುಚ್ಚಲ್ಲ. ನಮ್ಮ ಕಡೆಯ ಸಣ್ಣ ಊರುಗಳ ಸ್ಟುಡಿಯೋಗಳು ಬಹಳ ವರ್ಷ ಬದುಕಿದ್ದೇ ಒನ್ ಟ್ವೆಂಟಿ ರೀಲಿನ ಮೇಲೆ. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ ಥ್ರೀ ಇರುತ್ತಿತ್ತು; ಅದಕ್ಕೂ ಇದೇ ರೀಲು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ‘ಇಂದು’ ಹೆಸರಿನ ಕಪ್ಪು ಬಿಳುಪು ಸರಕು ಬರುತ್ತಿತ್ತು. ಊಟಿಯ ಚಳಿಯಲ್ಲಿ ಹುಟ್ಟಿದ ಆ ಸರಕು ರಾಯಚೂರಿನ ತೀನ್ ಕಂದೀಲಿನ ಬಿಸಿಲಿಗೆ ಬಂದು ಹೇಗೆ ತಡೆದುಕೊಂಡಿತೋ! ಸ್ಟುಡಿಯೋದವರ ಕೈಯಲ್ಲಿ ಮೇಲೊಂದು ಕೆಳಗೊಂದು ಕಣ್ಣಿನ ಯಾಶಿಕಾ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನೊಳಗೆ ನೋಡಬೇಕು. ಹಾಗಾಗಿ ಆ ಕಾಲದ ಫೋಟೋಗ್ರಾಫರ್ ತಹಶೀಲ್ದಾರರಿಗೂ ತಲೆ ಬಾಗುತ್ತಿದ್ದ, ಪೊಲೀಸರು ಹಿಡಿದು ತಂದ ಕುರಿಗಳ್ಳನಿಗೂ ಅಷ್ಟೇ ತಲೆ ಬಾಗುತ್ತಿದ್ದ. ಈಗಿನವರು ಮೊಬೈಲನ್ನು ಮುಖಕ್ಕೇ ಹಿಡಿಯುತ್ತಾರೆ, ಸಾಲ ವಸೂಲಿಗೆ ಬಂದವರ ಹಾಗೆ.

ಮೊದಲು ಮಾನ್ವಿಯಲ್ಲಿ ಒಂದು ಮಾಮಿಯಾ ಇದೆ ಎಂದು ಗೊತ್ತಾಯಿತು. ಮಾಮಿಯಾ ಆರ್‌ಬಿ 67. 1970ರಲ್ಲಿ ಬಂದ ಮಾದರಿ, ಲೆನ್ಸು ಸೇರಿ ಎರಡೂವರೆ ಕಿಲೋಗೂ ಮೇಲೆ. ಮದುವೆ ವಿಡಿಯೋ ಮಾಡುವ ಹುಡುಗನೊಬ್ಬ ಮುಂಬೈಯಿಂದ ತರಿಸಿದ್ದ. ಪ್ರೀ-ವೆಡ್ಡಿಂಗ್ ಫೋಟೋಗಳಿಗೆ ಹಳೇ ಕಾಲದ ಕಳೆ ಬರುತ್ತದೆ ಎಂಬುದು ಅವನ ಲೆಕ್ಕಾಚಾರ. ಮದುಮಕ್ಕಳನ್ನು ಕಾಲುವೆ ದಂಡೆಯ ಮೇಲೆ, ಭತ್ತದ ಗದ್ದೆಯ ನಡುವೆ ನಿಲ್ಲಿಸಿದ್ದೂ ಆಯಿತು. ಒಂದು ಫೋಟೋ ತೆಗೆದ ಕೂಡಲೇ ಮದುಮಗಳು ‘ತೋರಸ್ರಿ’ ಅಂದಳಂತೆ. ‘ಹದಿನೈದು ದಿನ ತಡೀರಿ’ ಅಂದನಂತೆ ಇವನು. ಅಲ್ಲಿಗೆ ಆ ವ್ಯವಹಾರ ಮುಗಿಯಿತು.

ಟ್ರ್ಯಾಕ್ಟರಿಗೆ ಹೋಗುವ ಗತ್ತಿನಲ್ಲೇ ಟಾರ್ಚು ಹಿಡಿದು ಹೋದೆ. ಹಳೇ ಕ್ಯಾಮೆರಾ ನೋಡುವುದಕ್ಕೂ ಒಂದು ಕ್ರಮವಿದೆ. ಲೆನ್ಸಿನ ಒಂದು ಕಡೆಯಿಂದ ಟಾರ್ಚು ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್ಸು. ಮುಂಬೈ, ಮಂಗಳೂರಿನ ತೇವದ ಗಾಳಿಯಲ್ಲಿ ಬೀರುವಿನೊಳಗೆ ಇಟ್ಟ ಲೆನ್ಸಿಗೆ ಅದು ಹತ್ತಿಯೇ ಹತ್ತುತ್ತದೆ. ಬಹಳ ದಿನ ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಮಾಮಿಯಾದ ಲೆನ್ಸಿನ ಅಂಚಿನಲ್ಲಿ ಮುಂಬೈ ಕೂತಿತ್ತು.

‘ಫೋಟೋದಾಗ ಬರಂಗಿಲ್ರಿ ಸರ್ ಅದು’ ಎಂದ ಹುಡುಗ. ಪೂರ್ತಿ ಸುಳ್ಳಲ್ಲ. ಅಂಚಿನ ಸ್ವಲ್ಪ ಫಂಗಸ್ಸು ಫೋಟೋದಲ್ಲಿ ಕಾಣುವುದು ಕಡಿಮೆ. ಆದರೆ ‘ಹೊಗೆ ಬಂದ್ರೂ ಎಂಜಿನ್ ಗಟ್ಟಿ ಅದರಿ’ ಎಂದ ಬಹಳ ಮಂದಿಯನ್ನು ನೋಡಿದ್ದೇನೆ.

ಇನ್ನು ಬೆಲ್ಲೋಸು. ಈ ಕ್ಯಾಮೆರಾದ ಮುಂಭಾಗ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಮುಂದೆ ಬರುತ್ತದೆ. ಕತ್ತಲಲ್ಲಿ ಅದರೊಳಗೆ ಟಾರ್ಚು ಇಟ್ಟು ಹೊರಗಿನಿಂದ ನೋಡಬೇಕು. ತೂತಿದ್ದರೆ ಬೆಳಕು ಹಣಿಕುತ್ತದೆ. ಕತ್ತಲೆಗಾಗಿ ಬಾಗಿಲು ಹಾಕಬೇಕು ಎನ್ನುವಷ್ಟರಲ್ಲಿ ಕರೆಂಟೇ ಹೋಯಿತು. ಮಡಿಕೆಗಳ ಮೂಲೆಗಳಲ್ಲಿ ಸಪ್ತರ್ಷಿ ಮಂಡಲವೇ ಮೂಡಿತು. ‘ಕರಿ ಟೇಪ್ ಹಚ್ಚಿದ್ರ ಬರಾಬರ್ ಆಗ್ತದರಿ’ ಎಂದು ಕತ್ತಲಲ್ಲಿ ದನಿ ಬಂತು.

ತೂಕದ್ದೇ ನನಗೆ ಹೆಚ್ಚಿನ ಚಿಂತೆ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಒಂದೇ ಕಲ್ಲಿದೆ. 1294ರಲ್ಲಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ ದನಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೆತ್ತಿದ್ದಾರೆ. ಮಾಮಿಯಾ ಕೊಂಡು ಅದೇ ಕೋಟೆಯ ಫೋಟೋ ತೆಗೆಯಲು ಹೊರಟರೆ ನನ್ನದೂ ಅಂಥದೊಂದು ಚಿತ್ರ ಯಾರಾದರೂ ಕೆತ್ತಬೇಕಾದೀತು. ಮಾನ್ವಿಯ ಹುಡುಗನಿಗೆ ‘ವಿಚಾರ ಮಾಡಿ ಹೇಳ್ತೀನಿ’ ಎಂದೆ. ಟ್ರ್ಯಾಕ್ಟರಿನವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಅವನಿಗೂ ಗೊತ್ತಾಯಿತು.

ಆಮೇಲೆ ದೇವದುರ್ಗದಲ್ಲಿ ಇನ್ನೊಂದು ಇದೆ ಎಂದು ಗೊತ್ತಾಯಿತು. ಅಲ್ಲಿನ ಹಳೇ ಸ್ಟುಡಿಯೋದ ಕಾಕಾ ಬೇರೆ ಜಾತಿಯ ಮಾರಾಟಗಾರ. ಸ್ಟುಡಿಯೋ ಮುಚ್ಚಿ ಬಹಳ ವರ್ಷವಾಗಿದೆ. ಅಲ್ಲಿ ಈಗ ಅವರ ಮಗನ ಝೆರಾಕ್ಸ್ ಮತ್ತು ಆಧಾರ್ ತಿದ್ದುಪಡಿ. ಒಳಕೋಣೆಯಲ್ಲಿ, ತೊಗಲಿನ ಚೀಲದೊಳಗೆ ಯಾಶಿಕಾ ಮ್ಯಾಟ್ 124 ಜಿ. ಇದೂ 1970ರ ಮಾದರಿಯೇ. ಟಾರ್ಚು ಬಿಟ್ಟು ನೋಡಿದೆ: ಒಂದೆಳೆ ಫಂಗಸ್ಸಿಲ್ಲ! ಬೆಳೆ, ಚರ್ಮ, ಸ್ವಭಾವ ಎಲ್ಲವನ್ನೂ ಒಣಗಿಸುವ ನಮ್ಮ ಬಿಸಿಲು ಫಂಗಸ್ಸನ್ನೂ ಒಣಗಿಸಿತ್ತು. ಇದನ್ನು ಜಿಲ್ಲೆಯ ಪ್ರವಾಸೋದ್ಯಮದ ಕರಪತ್ರದಲ್ಲಿ ಹಾಕಬೇಕು: ಲೆನ್ಸು ಕಾಯ್ದಿಡಲು ರಾಯಚೂರು ಜಿಲ್ಲೆಗೆ ಬನ್ನಿ.

ಆದರೆ ಬಿಸಿಲಿನ ಪ್ರಸಾದ ಬೇರೆ ಕಡೆ ಇತ್ತು. ಸೆಖೆಗೆ ಒಳಗಿನ ಗ್ರೀಸು ಕರಗಿ ಶಟರಿನ ಎಲೆಗಳಿಗೆ ಎಣ್ಣೆ ಹತ್ತುತ್ತದೆ, ಕಾಲಾಂತರದಲ್ಲಿ ಅಂಟಾಗುತ್ತದೆ. ವೇಗವನ್ನು ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದೆ. ‘ಜರ್ರ್...’ ಎಂದು ಶುರುವಾಗಿ ನಡುವೆ ಸ್ವಲ್ಪ ದಮ್ಮು ತೆಗೆದುಕೊಂಡು ‘...ಟಕ್’ ಎಂದಿತು. ಒಂದು ಸೆಕೆಂಡು ದೇವದುರ್ಗದಲ್ಲಿ ಎರಡೂವರೆ ಸೆಕೆಂಡು ಆಗಿತ್ತು.

‘ಒಂದು ಸೆಕೆಂಡಿನಾಗ ನಮ್ಮೂರಾಗ ಯಾರ ಫೋಟೋ ತೆಗೀತೀರಿ?’ ಎಂದರು ಕಾಕಾ. ‘125ರಾಗ ಹಚ್ಚಿ ನೋಡ್ರಿ.’ ಅಲ್ಲಿ ಅದು ಕಡ್ಡಿ ಮುರಿದಂತೆ ಟಕ್ಕೆಂದಿತು.

‘ಮೀಟರು?’ ಎಂದೆ. ಬೆಳಕು ಅಳೆಯುವ ಮುಳ್ಳು ಸತ್ತಿತ್ತು. ಅದಕ್ಕೆ ಬೇಕಾದ ಪಾದರಸದ ಸೆಲ್ಲು ಈಗ ಎಲ್ಲೂ ತಯಾರಾಗುವುದಿಲ್ಲ. ಇದನ್ನೇ ಹಿಡಿದು ಐದು ಸಾವಿರ ಇಳಿಸಬೇಕು ಎಂದುಕೊಂಡಿದ್ದೆ. ಕಾಕಾ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸಿದರು.

‘ನೂರರ ರೀಲ್ ಹಾಕೀರಿ ಅಂತ ತಿಳ್ಕೊಳ್ರಿ. ಸ್ಪೀಡು 125. ಈ ಬಿಸಲಿಗೆ ಅಪರ್ಚರ್ ಎಷ್ಟು ಇಡ್ತೀರಿ?’

‘ಹದಿನಾರು.’

‘ಆ ಬೇವಿನ ನೆಳ್ಳಾಗ?’

ಸ್ವಲ್ಪ ತಡವರಿಸಿ ‘ಐದೂವರೆ’ ಎಂದೆ.

‘ಹ್ಞಾ. ವರ್ಷದಾಗ ಹತ್ತು ತಿಂಗಳು ಬಿಸಲು ಹದಿನಾರೇ, ನೆಳ್ಳು ಐದೂವರೆನೇ. ಇಷ್ಟಕ್ಕ ಮೀಟರ್ ಯಾಕ ಬೇಕು? ಊಟಿಯವರಿಗಿ ಬೇಕು.’

ಮಾಲು ಪರೀಕ್ಷೆ ಮಾಡಲು ಹೋದವನ ಪರೀಕ್ಷೆಯೇ ನಡೆಯಿತು. ಗಿರಾಕಿ ಪಾಸಾದ ಸಂತೋಷಕ್ಕೆ ಚಹಾ ಬಂತು, ಒಗ್ಗರಣಿ-ಮಿರ್ಚಿ ಬಂತು. ನಮ್ಮವ್ವನ ತವರು ಗಬ್ಬೂರು ಎಂದು ಗೊತ್ತಾದ ಮೇಲೆ ಇಪ್ಪತ್ತೆರಡು ಸಾವಿರದ ಮಾಲು ಹದಿನೆಂಟಕ್ಕೆ ಇಳಿಯಿತು. ಮೀಟರು ಸತ್ತದ್ದಕ್ಕೆ ಒಂದು ಪೈಸೆಯೂ ಇಳಿಯಲಿಲ್ಲ. ರೀಲು ತೊಳೆಯುವ ಡಬ್ಬಿ ಮತ್ತು ಒಂದು ಥರ್ಮಾಮೀಟರು ಪುಕ್ಕಟೆ ಕೊಡುತ್ತೇನೆ ಎಂದರು.

ಡಬ್ಬಿಯಿಂದ ಹೊಸ ಆಸೆ ಹುಟ್ಟಿತು. ಮನೆಯಲ್ಲೇ ತೊಳೆದರೆ ಬೆಂಗಳೂರಿನ ಖರ್ಚು ಉಳಿಯುತ್ತದೆ. ತೊಡಕೊಂದೇ. ಕಪ್ಪು ಬಿಳುಪು ರೀಲು ತೊಳೆಯುವ ಡೆವಲಪರು 20 ಡಿಗ್ರಿಯಲ್ಲಿ ಇರಬೇಕು. ಮೇ ತಿಂಗಳಲ್ಲಿ ನಮ್ಮ ಮನೆಯ ಮೇಲಿನ ಟ್ಯಾಂಕಿನ ನೀರಿನಲ್ಲಿ ಅಕ್ಕಿ ಹಾಕಿದರೆ ಅರ್ಧ ಬೆಂದೀತು. ಬರ್ಫ್ ತರಬೇಕು, ಅದು ಕರಗುವ ಮೊದಲು ತೊಳೆದು ಮುಗಿಸಬೇಕು. ಸಾಲದ ಅರ್ಜಿಯೊಂದು ಇಷ್ಟು ‘ಆದರೆ’ಗಳನ್ನು ಹೊತ್ತು ನನ್ನ ಟೇಬಲಿಗೆ ಬಂದಿದ್ದರೆ ಅಲ್ಲಿಯೇ ಕೆಂಪು ಗೆರೆ ಎಳೆಯುತ್ತಿದ್ದೆ.

ಮುಂಗಡ ಕೊಡದೆ ಮನೆಗೆ ಬಂದರೆ, ಅಷ್ಟರಲ್ಲಿ ಮೊದಲ ರೀಲಿನ ಹಂಚಿಕೆಯೇ ನಡೆದಿತ್ತು. ಮಕ್ಕಳಿಗೆ ಎರಡೆರಡು, ಹೆಂಡತಿಯ ತವರಿನವರಿಗೆ ಮೂರು, ಬೆಕ್ಕಿಗೆ ಒಂದು. ನನ್ನ ತಂಗಿ ಸಿಂಧನೂರಿನಿಂದ ಫೋನು ಮಾಡಿ ಎರಡು ಕಾಯ್ದಿರಿಸಿದ್ದಳು. ಕೋಟೆಗೆ ಒಂದೂ ಉಳಿದಿರಲಿಲ್ಲ. ‘ಏಳುನೂರು ವರ್ಷ ಎಲ್ಲೂ ಹೋಗಿಲ್ಲ ಅದು, ಮುಂದಿನ ರೀಲಿಗೆ ನೋಡ್ರಿ’ ಎಂದಳು ಹೆಂಡತಿ.

ಅವ್ವ ಮಾತ್ರ ಗಂಭೀರವಾಗಿದ್ದಳು. ‘ನನಗ ಎರಡು ಬೇಕು. ಒಂದ್ರಾಗ ಕಣ್ಣು ಮುಚ್ಚಿದ್ರ ಇನ್ನೊಂದಿರಲಿ. ನಿಮ್ಮಪ್ಪ ಹ್ವಾದಾಗ ಏನ ಮಾಡಿದ್ರಿ? ಯಾರದೋ ಲಗ್ನದಾಗ ಊಟಕ್ಕ ಕುಂತಿದ್ದ ಫೋಟೋ ತಗೊಂಡು, ಎಲಿ ಕತ್ತರಿಸಿ, ಮಾರಿ ಅಷ್ಟೇ ಹಿಗ್ಗಿಸಿ ಗ್ವಾಡಿಗಿ ಹಾಕಿದ್ರಿ. ಈಗೂ ನೋಡು, ಬಾಯಾಗ ತುತ್ತು ಅದ. ಅದಕ್ಕೇ ಹಾರ ಹಾಕ್ಲಿಕತ್ತೀರಿ. ನನ್ನ ಮಾರಿ ಹಂಗ ಹಿಗ್ಗಿಸಬ್ಯಾಡ್ರಿ.’

ಗೋಡೆಯ ಕಡೆ ನೋಡಿದೆವು. ಅಪ್ಪನ ಎಡಗಲ್ಲ ನಿಜಕ್ಕೂ ಉಬ್ಬಿತ್ತು. ದೊಡ್ಡ ನೆಗೆಟಿವಿನ ಉಪಯೋಗವನ್ನು ಇಷ್ಟು ಸ್ಪಷ್ಟವಾಗಿ ಯಾವ ಕಂಪನಿಯ ಜಾಹೀರಾತಿನವರೂ ಹೇಳಿದ್ದು ನನಗೆ ಗೊತ್ತಿಲ್ಲ. ಹೆಂಡತಿ ಲೆಕ್ಕದ ಚೀಟಿ ಮಡಿಚಿಟ್ಟಳು. ದೇವದುರ್ಗಕ್ಕೆ ಹೋಗಿ ಹದಿನೆಂಟು ಸಾವಿರ ಎಣಿಸಿ ಕೊಟ್ಟೆ. ಯಾಶಿಕಾವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಬಂದೆ.

ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಿಟ್ಟಿದ್ದಳು: ಹಸಿರು ಒಡಲು, ಕೆಂಪು ಸೆರಗು. ಕಪ್ಪು ಬಿಳುಪು ರೀಲಿನಲ್ಲಿ ಹಸಿರೂ ಕೆಂಪೂ ಹೆಚ್ಚು ಕಡಿಮೆ ಒಂದೇ ಬೂದಿ ಬಣ್ಣ ಬರುತ್ತವೆ ಎಂದೆ.

‘ಬೂದಿ ಆಮ್ಯಾಲ ಆಗೋದು ಅದs ಅದ. ಫೋಟೋದಾಗ ಯಾಕ? ಕಲರ್ ರೀಲ್ ತರಸು.’

ಕಲರ್ ರೀಲು ಇನ್ನೂ ತುಟ್ಟಿ, ತೊಳೆಯುವ ರಸಾಯನವೂ ತುಟ್ಟಿ ಎಂದು ಹೇಳಲು ಹೊರಟವನು ಅದಕ್ಕೆಷ್ಟು ಉಷ್ಣತೆ ಬೇಕೆಂದು ಪುಸ್ತಕ ತೆರೆದು ನೋಡಿದೆ. 38 ಡಿಗ್ರಿ. ಕಾಕಾ ಕೊಟ್ಟ ಥರ್ಮಾಮೀಟರು ಹಿಡಿದು ಬಚ್ಚಲಿಗೆ ಓಡಿ, ನಡು ಮಧ್ಯಾಹ್ನದ ನಲ್ಲಿ ತಿರುಗಿಸಿ, ಬಕೀಟಿಗೆ ಅದ್ದಿದೆ. 41.

‘ಬರ್ಫ್ ಬ್ಯಾಡವ್ವ!’ ಎಂದು ಕೂಗಿದೆ. ‘ಸ್ವಲ್ಪ ಆರಿದ್ರ ಸಾಕು!’

‘ಅಷ್ಟ್ರಾಗ ಸೀರಿ ಉಟ್ಟು ಬರ್ತೀನಿ ತಡಿ’ ಎಂದು ಒಳಗಿನಿಂದ ದನಿ ಬಂತು. ರೀಲು ಇನ್ನೂ ಬೆಂಗಳೂರಿನಿಂದ ಹೊರಟೇ ಇರಲಿಲ್ಲ.