‘ಬಣ್ಣದ ಮಾತು ಬಿಟ್ಟು ಬೇರೆ ಕೇಳಿ ಸಾರ್’

ಬೆಂಗಳೂರಿನಲ್ಲಿ ಈಗ ತಿನ್ನುವವರಿಗಿಂತ ತಿಂದದ್ದರ ಬಗ್ಗೆ ಅಭಿಪ್ರಾಯ ಕೊಡುವವರೇ ಜಾಸ್ತಿ. ಫೋನು ತೆಗೆದರೆ ಸಾಕು, ಯಾರೋ ಒಬ್ಬರು ಚಾಪ್‌ಸ್ಟಿಕ್ಕಿನಲ್ಲಿ ಏನನ್ನೋ ಎತ್ತಿ ಹಿಡಿದು, ಅದಿನ್ನೂ ನಾಲಗೆಗೆ ತಾಗುವ ಮುಂಚೆಯೇ ಕಣ್ಣು ಮುಚ್ಚಿ ತಲೆದೂಗುತ್ತಿರುತ್ತಾರೆ. ಇಂದಿರಾನಗರದಲ್ಲಿ ರಾಮೆನ್ ತಿನ್ನದಿದ್ದರೆ ಜನ್ಮ ವ್ಯರ್ಥ, ಕೋರಮಂಗಲದಲ್ಲಿ ಕೊರಿಯನ್ ಬನ್ ತಿನ್ನದವನು ಮನುಷ್ಯನೇ ಅಲ್ಲ. ವಾರಕ್ಕೊಂದು ‘ಟಾಪ್ ಟೆನ್ ಏಷ್ಯನ್ ರೆಸ್ಟೋರೆಂಟ್’ ಪಟ್ಟಿ ಬರುತ್ತದೆ. ರಾಗಿ ಮುದ್ದೆ ಯಾವ ಖಂಡದ್ದು ಅಂತ ಯಾರೂ ಕೇಳುವುದಿಲ್ಲ, ಅದು ಹಾಳಾಗಿ ಹೋಗಲಿ. ಹೋಬಳಿ ಮಟ್ಟದ ಬಸ್ ಸ್ಟ್ಯಾಂಡಿನಲ್ಲೂ ಸಂಜೆ ಆರಕ್ಕೆ ಸ್ಟವ್ ಹಚ್ಚಿಸಿಕೊಳ್ಳುವ ಗೋಬಿ ಮಂಚೂರಿಗೆ ಈ ಪಟ್ಟಿಗಳಲ್ಲಿ ಒಂದು ಸಾಲೂ ಇಲ್ಲವಲ್ಲ! ನೇರವಾಗಿ ಅದನ್ನೇ ಮಾತಾಡಿಸಿದೆವು. ಸಂದರ್ಶನಕ್ಕೆ ಒಪ್ಪಿದ್ದು ಒಂದು ಹಾಫ್ ಪ್ಲೇಟ್ ಡ್ರೈ. ಪ್ಲಾಸ್ಟಿಕ್ ಕವರ್ ಸುತ್ತಿದ ತಟ್ಟೆಯ ಮೇಲೆ, ಹೆಚ್ಚಿದ ಈರುಳ್ಳಿ ಹೊದ್ದು ಕೂತಿತ್ತು.

ಪ್ರಶ್ನೆ: ನಮಸ್ಕಾರ. ಏನು, ಸ್ವಲ್ಪ ಸೊರಗಿದ ಹಾಗೆ ಕಾಣುತ್ತೀರಿ?

ಗೋಬಿ: ಎಲ್ಲರೂ ಅದನ್ನೇ ಕೇಳ್ತಾರೆ ಸಾರ್. 2024ರ ಮಾರ್ಚ್ 11ರಿಂದ ಈಚೆಗೆ ಹಿಂಗೇ. ಮೊದಲು ದೂರದಿಂದಲೇ ಜನ ಗುರುತು ಹಿಡೀತಿದ್ರು. ಈಗ ಹತ್ತಿರ ಬಂದು, ‘ಇದು ಪಕೋಡನಾ?’ ಅಂತಾರೆ.

ಪ್ರಶ್ನೆ: ಅವತ್ತು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನಿಮಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದರಲ್ಲಿ ತಪ್ಪೇನಿದೆ? ನಿಮ್ಮ 171 ಮಾದರಿ ತಗೊಂಡು ಪರೀಕ್ಷೆ ಮಾಡಿದರೆ ನೂರಕ್ಕೂ ಹೆಚ್ಚು ಮಾದರಿಗಳಲ್ಲಿ ಹಾಕಬಾರದ ಬಣ್ಣ ಸಿಕ್ಕಿತು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ ಕಣ್ರೀ.

ಗೋಬಿ: ಬಣ್ಣದ ಮಾತು ಬಿಟ್ಟು ಬೇರೆ ಕೇಳಿ ಸಾರ್. ಮೊದಲು ಮೋಮೋ ವಿಷಯ ತೀರ್ಮಾನ ಆಗ್ಲಿ.

ಪ್ರಶ್ನೆ: ಮೋಮೋ ಏನು ಮಾಡಿತು ನಿಮಗೆ?

ಗೋಬಿ: ಏನ್ ಮಾಡಿಲ್ಲ ಕೇಳಿ! ಅದರಲ್ಲಿರೋದೂ ಮೈದಾ, ನನ್ನಲ್ಲಿರೋದೂ ಮೈದಾ. ಅದರ ಹೊಟ್ಟೇಲಿ ಎಲೆಕೋಸು, ನಾನು ಹೂಕೋಸು. ಒಂದೇ ಸಂತೆ, ಒಂದೇ ಮೂಟೆ. ಅದನ್ನ ಆವಿಯಲ್ಲಿ ಬೇಯಿಸಿ ಬಿದಿರಿನ ಬುಟ್ಟೀಲಿಟ್ಟು, ಪಕ್ಕದಲ್ಲೊಂದು ಬಟ್ಟಲು ಕೆಂಪು ಚಟ್ನಿ ಇಟ್ರೆ ‘ಆಥೆಂಟಿಕ್’. ಡಿಮ್‌ಸಮ್ ಅಂತ ಹೆಸರು ಬದಲಾಯಿಸಿದ್ರೆ ಮೂರು ತುಂಡಿಗೆ ನನ್ನ ಹತ್ತು ಪ್ಲೇಟಿನ ದುಡ್ಡು. ನನ್ನನ್ನ ಮಾತ್ರ ‘ಅಯ್ಯೋ, ಅದು ಚೈನೀಸೇ ಅಲ್ಲ ಬಿಡಿ’ ಅಂತಾರೆ. ಹಂಗಂತ ಹೇಳೋರು ಎಂದಾದ್ರೂ ಚೀನಾ ನೋಡಿದ್ದಾರಾ ಸಾರ್? ಅವರು ನೋಡಿರೋದು ಬ್ಯಾಂಕಾಕ್. ಅದೂ ಪ್ಯಾಕೇಜ್ ಟೂರಲ್ಲಿ, ದಿನಾ ರಾತ್ರಿ ಗುಜರಾತಿ ಊಟ.

ಪ್ರಶ್ನೆ: ಮೋಮೋ ಕೂಡ ನಮ್ಮದೇ ಆಗಿಹೋಗಿದೆ ಅಲ್ಲವೇ? 1960ರ ದಶಕದಿಂದ ಬೈಲಕುಪ್ಪೆಯಲ್ಲಿ ಟಿಬೆಟಿನವರು ಇದ್ದಾರೆ. ಪಿರಿಯಾಪಟ್ಟಣದ ಜೋಳದ ಹೊಲಗಳ ನಡುವೆ ಬೆಳೆದ ಮೋಮೋ ಅದು. ಮುಂಡಗೋಡಿನಲ್ಲೂ ಅಷ್ಟೆ.

ಗೋಬಿ: ಬೈಲಕುಪ್ಪೆ ಮೋಮೋಗೆ ನಾನು ಕೈ ಮುಗೀತೀನಿ. ಅದು ಊರು ಬಿಟ್ಟು ಬಂದವರ ಮನೆ ಅಡುಗೆ. ನನಗೆ ಸಿಟ್ಟಿರೋದು ಮಾಲಿನ ಮೂರನೇ ಮಹಡೀಲಿ ‘ತಂದೂರಿ ಮಯೊನೀಸ್ ಕುರ್ಕುರೆ ಮೋಮೋ’ ಅಂತ ಇದೆಯಲ್ಲ, ಅದರ ಮೇಲೆ. ನನಗೆ ಸಂಸ್ಕಾರ ಇಲ್ಲ ಅಂತ ಹೇಳೋ ಪಟ್ಟೀಲಿ ಅದಕ್ಕೆ ನಾಲ್ಕೂವರೆ ನಕ್ಷತ್ರ!

ಪ್ರಶ್ನೆ: ಆ ಅಂಗಡಿಯಲ್ಲಿ ಚಟ್ನಿ ಎರಡನೇ ಸಲ ಕೇಳಿದರೆ ಕೊಡುತ್ತಾರೆಯೇ?

ಗೋಬಿ: ಅದು ಯಾಕೆ ಸಾರ್?

ಪ್ರಶ್ನೆ: ಇಲ್ಲ, ಈಗ ಹೋಟೆಲುಗಳಲ್ಲಿ ಎರಡನೇ ಬಟ್ಟಲು ಸಾಂಬಾರಿಗೂ ದುಡ್ಡು ಕೇಳುತ್ತಿದ್ದಾರೆ. ಬಿಲ್ಲಿನಲ್ಲಿ ‘ಎಕ್ಸ್‌ಟ್ರಾ ಸಾಂಬಾರ್’ ಅಂತ ಬೇರೆ ಸಾಲೇ ಬರುತ್ತದೆ. ಈ ಅಂಕಣ ಹೋರಾಡುತ್ತಿರುವುದೇ ಅದರ ವಿರುದ್ಧ. ಇರಲಿ, ನಿಮ್ಮ ಮೂಲದ ಬಗ್ಗೆ ಹೇಳಿ.

ಗೋಬಿ: ನನ್ನ ವಂಶಾವಳಿ ಹೇಳಿದ್ರೆ ಪಾಸ್‌ಪೋರ್ಟ್ ಆಫೀಸಿನವರು ಕೆಲಸ ಬಿಟ್ಟು ಓಡಿಹೋಗ್ತಾರೆ. ಹೂಕೋಸು ಇಂಗ್ಲೆಂಡಿನಿಂದ 1822ರಲ್ಲಿ ಸಹಾರನ್‌ಪುರದ ಕಂಪನಿ ಬಾಗಿಗೆ ಬಂತು. ಮೆಣಸಿನಕಾಯಿ, ಮುಸುಕಿನ ಜೋಳ ಎರಡೂ ಅಮೆರಿಕ ಖಂಡದವು. ನಮ್ಮ ದೊಡ್ಡಣ್ಣ ಚಿಕನ್ ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ, 1975ರಲ್ಲಿ, ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೇಲಿ. ಹೆತ್ತವರು ನೆಲ್ಸನ್ ವಾಂಗ್, ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದವರು. ಗಿರಾಕಿ ಒಬ್ಬರು ‘ಮೆನುವಿನಲ್ಲಿ ಇಲ್ಲದ್ದು ಏನಾದ್ರೂ ಮಾಡ್ರೀ’ ಅಂದ್ರಂತೆ. ಇವರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಗರಂ ಮಸಾಲೆ ಬೀಳಬೇಕಾದ ಹೊತ್ತಿಗೆ ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರ್ ಕದಡಿಬಿಟ್ರು. ಆಮೇಲೆ ಸಸ್ಯಾಹಾರಿಗಳಿಗೂ ಆಸೆ ಆಯ್ತು, ಕೋಳಿ ಜಾಗಕ್ಕೆ ನಾನು ಬಂದೆ. ಮಂಚೂರಿಯಾ ಅನ್ನೋ ಊರನ್ನ ನಮ್ಮ ಮನೇಲಿ ಯಾರೂ ಕಂಡಿಲ್ಲ.

ಪ್ರಶ್ನೆ: ಹಾಗಾದರೆ ಇಡ್ಲಿ ಮಂಚೂರಿ ನಿಮಗೇನಾಗಬೇಕು?

ಗೋಬಿ: ಆ ಸಂಬಂಧ ನಾವು ಒಪ್ಪಿಲ್ಲ.

ಪ್ರಶ್ನೆ: ನಾವೂ ಒಪ್ಪಿಲ್ಲ. ಬೆಳಿಗ್ಗೆ ಉಳಿದ ಇಡ್ಲಿಯನ್ನು ಸಂಜೆ ನಾಲ್ಕು ತುಂಡು ಮಾಡಿ ಸಾಸಿನಲ್ಲಿ ಹೊರಳಿಸಿದರೆ ಸಾಂಬಾರ್ ಕೊಡುವ ಗೋಜೇ ಇಲ್ಲ ನೋಡಿ! ಇದರ ಹಿಂದೆ ದೊಡ್ಡ ಲೆಕ್ಕಾಚಾರವೇ ಇದೆ. ಮೊದಲು ಬಕೆಟ್ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಿದ್ದರು. ಆಮೇಲೆ ಬಟ್ಟಲು ಬಂತು. ಆ ಬಟ್ಟಲು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಯಿತು. ಈಗ...

ಗೋಬಿ: ಸಾರ್, ಸಂದರ್ಶನ ನನ್ನದು.

ಪ್ರಶ್ನೆ: ಕ್ಷಮಿಸಿ. ಬಣ್ಣ...

ಗೋಬಿ: ರೇಟಿಂಗ್ ಬಗ್ಗೆ ಕೇಳಿ.

ಪ್ರಶ್ನೆ: ಸರಿ, ರೇಟಿಂಗ್ ಬಗ್ಗೆಯೇ ಹೇಳಿ.

ಗೋಬಿ: ನಮ್ಮ ಗಾಡಿಗೆ ಒಬ್ಬ ಪುಣ್ಯಾತ್ಮ ಎರಡು ನಕ್ಷತ್ರ ಕೊಟ್ಟಿದ್ದಾನೆ. ಕಾರಣ ಏನು ಬರೆದಿದ್ದಾನೆ ಗೊತ್ತಾ? ‘ಆಂಬಿಯನ್ಸ್ ಸರಿ ಇಲ್ಲ, ವ್ಯಾಲೆ ಪಾರ್ಕಿಂಗ್ ಇಲ್ಲ.’ ಸಾರ್, ನಾವಿರೋದು ಮೋರಿ ಪಕ್ಕ, ಟ್ರಾನ್ಸ್‌ಫಾರ್ಮರ್ ಕೆಳಗೆ! ಇನ್ನೊಬ್ಬಳು, ‘ಖಾರ ಜಾಸ್ತಿ ಆಯ್ತು, ಆದ್ರೆ ನನ್ನ ಹಸ್ಬೆಂಡಿಗೆ ಇಷ್ಟ ಆಯ್ತು’ ಅಂತ ಬರೆದು ಮೂರು ಕೊಟ್ಟಿದ್ದಾಳೆ. ಗಂಡನ ನಾಲಗೆಗೆ ಅರ್ಧ ನಕ್ಷತ್ರವಾದ್ರೂ ಸೇರಿಸಬೇಡವಾ? ದೊಡ್ಡ ಹೋಟೆಲಿನ ಕತೆ ಬೇರೆ. ಅಲ್ಲಿ ಬಿಲ್ಲಿನ ಜೊತೆ ಮ್ಯಾನೇಜರ್ ಬಂದು ನಿಂತ್ಕೋತಾನೆ. ‘ಐದು ಕೊಡಿ ಮ್ಯಾಮ್, ಬ್ರೌನಿ ಕಾಂಪ್ಲಿಮೆಂಟರಿ.’ ಅವರು ಕೊಡ್ತಾರೆ, ಇವನು ಬ್ರೌನಿ ತರ್ತಾನೆ. ಮರುದಿನ ಆ ಐದು ನಕ್ಷತ್ರ ನೋಡಿ ನೀವು ಕ್ಯೂ ನಿಲ್ತೀರಿ.

ಪ್ರಶ್ನೆ: ವಿಡಿಯೋ ಮಾಡುವವರು?

ಗೋಬಿ: ಅವರು ತಿನ್ನೋದೇ ಇಲ್ಲ ಸಾರ್. ನಾನು ಬಿಸಿಯಾಗಿರೋದು ಮೂರು ನಿಮಿಷ. ಅಷ್ಟು ಹೊತ್ತೂ ಲೈಟು ಸರಿ ಮಾಡ್ತಾ ಇರ್ತಾರೆ. ಕೊನೆಗೆ ಮೆತ್ತಗಾದ ಒಂದು ತುಂಡು ಬಾಯಿಗಿಟ್ಟು ‘ಕ್ರಿಸ್ಪಿ!’ ಅಂತಾರೆ.

ಪ್ರಶ್ನೆ: ಮತ್ತೆ ಅದೇ ಕೇಳಬೇಕಾಗಿದೆ. ಬ್ಯಾಡಗಿ ಮೆಣಸಿನಕಾಯಿ ನಮ್ಮ ಹಾವೇರಿ ಜಿಲ್ಲೆಯದು. ಖಾರ ಕಮ್ಮಿ, ಬಣ್ಣ ಜಾಸ್ತಿ, ಅದಕ್ಕೇ ಹೆಸರು ಮಾಡಿದ್ದು. ಜಿಐ ಮಾನ್ಯತೆ ಕೂಡ ಇದೆ. ಮನೆ ಬಾಗಿಲಲ್ಲಿ ಅಂಥ ಬಣ್ಣ ಬಿದ್ದಿರುವಾಗ ಪುಟ್ಟ ಡಬ್ಬಿಯ ಪುಡಿ ಯಾಕೆ ಬೇಕಾಗಿತ್ತು?

ಗೋಬಿ: (ಸ್ವಲ್ಪ ಹೊತ್ತು ಬಿಟ್ಟು) ಆಮೇಲೆ ಜೂನಲ್ಲಿ ಕಬಾಬಿಗೂ ಬಣ್ಣ ನಿಷೇಧ ಆಯ್ತು. ಅದನ್ನೂ ಬರೆದುಕೊಳ್ಳಿ. ಜೈಲು ಏಳು ವರ್ಷದಿಂದ ಜೀವಾವಧಿವರೆಗೆ, ದಂಡ ಹತ್ತು ಲಕ್ಷದವರೆಗೆ. ಇಬ್ಬರಿಗೂ ಒಂದೇ ಕಾನೂನು. ಪೇಪರಿನಲ್ಲಿ ಫೋಟೊ ಹಾಕೋವಾಗ ಮಾತ್ರ ನಾನೇ ದೊಡ್ಡದಾಗಿ ಬರ್ತೀನಿ.

ಪ್ರಶ್ನೆ: ಗೋವಾದಲ್ಲೂ ನಿಮ್ಮ ಹೆಸರು ಕೆಟ್ಟಿದೆ.

ಗೋಬಿ: ಮಾಪುಸಾದವರು ಬೋಡಗೇಶ್ವರ ಜಾತ್ರೆಯಿಂದಲೇ ಓಡಿಸಿಬಿಟ್ರು. ಜಾತ್ರೆಗೆ ಬಂದೋರು ಮೊದಲು ನನ್ನ ಹತ್ರ ಬಂದು ಆಮೇಲೆ ದೇವರ ಹತ್ರ ಹೋಗ್ತಿದ್ರು. ಅದು ಹೊಟ್ಟೆಕಿಚ್ಚು.

ಪ್ರಶ್ನೆ: ಅದಕ್ಕೂ ಮೊದಲು, 2020ರ ಜೂನಿನಲ್ಲಿ, ಚೀನಾ ಜೊತೆ ಗಲ್ವಾನ್ ಘರ್ಷಣೆ ಆದಾಗ ಕೇಂದ್ರ ಸಚಿವ ರಾಮದಾಸ್ ಅಠಾವಳೆ ಚೈನೀಸ್ ಊಟ, ಚೈನೀಸ್ ಹೋಟೆಲ್ ಎಲ್ಲ ನಿಷೇಧಿಸಿ ಅಂದಿದ್ದರು. ನಿಮಗೆ ನಗು ಬಂತೋ, ಭಯವಾಯಿತೋ?

ಗೋಬಿ: ಎಲ್ಲರೂ ನಕ್ಕರು ಸಾರ್. ಮುಂಬೈಯಲ್ಲಿ ಹುಟ್ಟಿದವನ ತಮ್ಮನನ್ನ ಮುಂಬೈಯವರೇ ದೇಶದ್ರೋಹಿ ಮಾಡಿಬಿಟ್ರಲ್ಲ ಅಂತ ಜೋಕು ಓಡಾಡ್ತು.

ನನಗೆ ನಗು ಬರಲಿಲ್ಲ. 1962 ಗೊತ್ತಲ್ಲ? ಯುದ್ಧ ಶುರುವಾದ ಮೇಲೆ ಅಸ್ಸಾಮು, ಬಂಗಾಳದ ಕಡೆ ಇದ್ದ ಚೀನೀ ಮೂಲದ ಮೂರು ಸಾವಿರದಷ್ಟು ಜನರನ್ನ ರೈಲಿಗೆ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಕಳಿಸಿದ್ರು. ಮಕ್ಕಳು, ಮುದುಕರು, ಇಲ್ಲೇ ಹುಟ್ಟಿ ಇಲ್ಲೇ ಮದುವೆಯಾದವರು. ಕೆಲವರು ಹೊರಗೆ ಬರೋಕೆ ವರ್ಷಗಳೇ ಹಿಡಿದ್ವು. ವಾಪಸ್ ಬಂದರೆ ಅಂಗಡಿ ಇಲ್ಲ, ಮನೆ ಇಲ್ಲ. ಎಷ್ಟೋ ಜನ ದೇಶವನ್ನೇ ಬಿಟ್ಟು ಹೋದ್ರು. ಕೋಲ್ಕತ್ತದ ಟ್ಯಾಂಗ್ರಾದಲ್ಲಿ ಉಳಿದವರ ಅಡುಗೆಮನೆಗಳಿಂದಲೇ ನೀವು ‘ಹಕ್ಕಾ ನೂಡಲ್ಸ್, ಸೂಪರ್’ ಅಂತ ಚಪ್ಪರಿಸೋದು ಊರೂರಿಗೆ ಹೋಗಿದ್ದು. ನಿಮ್ಮ ಪಟ್ಟಿಗಳಲ್ಲಿ ದೇವಳಿ ಹೆಸರು ಎಂದಾದ್ರೂ ಬಂದಿದೆಯಾ?

ಪ್ರಶ್ನೆ: ಅದು ಹಳೆಯ ಕತೆ ಅಂತ...

ಗೋಬಿ: ಹಳೆಯದಾ? 2012ರ ಆಗಸ್ಟಲ್ಲಿ ಬೆಂಗಳೂರು ರೈಲ್ವೆ ಸ್ಟೇಷನ್ ನೆನಪಿಸಿಕೊಳ್ಳಿ. ಮೊಬೈಲಿಗೆ ಬಂದ ವದಂತಿಗೆ ಹೆದರಿ ಸಾವಿರಾರು ಜನ ಈಶಾನ್ಯದ ಹುಡುಗ ಹುಡುಗಿಯರು ಬ್ಯಾಗ್ ಹಿಡಿದು ಪ್ಲಾಟ್‌ಫಾರ್ಮ್ ಮೇಲೆ ಕೂತಿದ್ರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯ್ತು. ಅವರಲ್ಲಿ ಎಷ್ಟು ಜನ ನಿಮ್ಮ ರೆಸ್ಟೋರೆಂಟುಗಳಲ್ಲಿ ತಟ್ಟೆ ಎತ್ತುತ್ತಿದ್ದೋರು, ಬಾಣಲೆ ಹಿಡಿಯುತ್ತಿದ್ದೋರು! 2020ರಲ್ಲಿ ಕೊರೊನಾ ಬಂದಾಗ ಮೈಸೂರಿನ ಒಂದು ಸೂಪರ್ ಮಾರ್ಕೆಟಿನಲ್ಲಿ ನಾಗಾಲ್ಯಾಂಡಿನ ಹುಡುಗರನ್ನ ಒಳಗೇ ಬಿಡಲಿಲ್ಲ. ಮುಖ ನೋಡಿ ಸಾರ್, ಬರೀ ಮುಖ ನೋಡಿ.

ಅದೇ ಮುಖ ರೆಸ್ಟೋರೆಂಟ್ ಬಾಗಿಲಲ್ಲಿ ಬೇಕು ನಿಮಗೆ. ಕಪ್ಪು ಏಪ್ರನ್ ಹಾಕಿಸಿ, ಬಗ್ಗಿ ನಮಸ್ಕಾರ ಮಾಡಿಸಿ, ‘ಸ್ಟಾಫ್ ಕೂಡ ಆಥೆಂಟಿಕ್’ ಅಂತ ಬರೀತೀರಿ. ಮಣಿಪುರದ ಹುಡುಗಿಯನ್ನ ಜಪಾನಿನವಳು ಮಾಡ್ತೀರಿ. ಕೆಲಸ ಮುಗಿಸಿ ಅವಳು ಬಾಡಿಗೆ ಮನೆ ಕೇಳೋಕೆ ಬಂದ್ರೆ, ‘ನೀವು ಅದೇನೋ ನಾರೋದು ಬೇಯಿಸ್ತೀರಂತೆ’ ಅಂತ ಬಾಗಿಲು ಹಾಕ್ತೀರಿ. ರೆಸ್ಟೋರೆಂಟಿನಲ್ಲಿ ಹುಳಿ ಬರಿಸಿದ ಸೋಯಾ ಪೇಸ್ಟಿಗೆ ‘ಉಮಾಮಿ’ ಅಂತೀರಿ, ಅದೇ ಹುಳಿ ಬರಿಸಿದ ಸೋಯಾಬೀನು ನಾಗಾ ಹುಡುಗನ ರೂಮಿನಲ್ಲಿ ಬೆಂದ್ರೆ ಪೊಲೀಸರಿಗೆ ಫೋನು! ಏಷ್ಯಾದ ಊಟ ಬೇಕು, ಏಷ್ಯಾದ ಮುಖ ಪಕ್ಕದ ಮನೇಲಿರಬಾರದು. ನನಗೆ ಎರಡು ನಕ್ಷತ್ರ ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಈ ಗಾಡಿಯ ಹುಡುಗ ಅಸ್ಸಾಮಿನವನು. ವರ್ಷಗಳಿಂದ ಇಲ್ಲೇ ಇದ್ದಾನೆ, ‘ಸ್ವಲ್ಪ ಖಾರ ಹಾಕ್ಲಾ ಅಣ್ಣ’ ಅಂತ ನಿಮಗಿಂತ ಸ್ಪಷ್ಟ ಕನ್ನಡದಲ್ಲಿ ಕೇಳ್ತಾನೆ. ದಿನಾ ಒಬ್ಬರಾದ್ರೂ ‘ನೀನು ಯಾವ ದೇಶ?’ ಅಂತ ಕೇಳದೆ ಪಾರ್ಸೆಲ್ ತಗೊಳ್ಳಲ್ಲ.

ಪ್ರಶ್ನೆ: ಇದಕ್ಕೆ ನಮ್ಮ ಹತ್ತಿರ ಉತ್ತರವಿಲ್ಲ. ಹೋಟೆಲಿನವರು ಸಾಂಬಾರಿನ ವಿಷಯದಲ್ಲಿ...

ಗೋಬಿ: ಸಾಂಬಾರ್ ಒಂದು ನಿಮಿಷ ಪಕ್ಕಕ್ಕಿಡಿ ಸಾರ್.

ಪ್ರಶ್ನೆ: ಇಟ್ಟೆವು.

ಗೋಬಿ: ಬಣ್ಣದ ಪ್ರಶ್ನೆ ಕೇಳಿದ್ರಲ್ಲ, ಈಗ ಕೇಳಿಸಿಕೊಳ್ಳಿ. ಡಬ್ಬಿ ಬಣ್ಣ ಹಾಕಿದ್ದು ತಪ್ಪೇ. ಸ್ಕೂಲ್ ಬಿಟ್ಟ ಮಕ್ಕಳು ಐದು, ಹತ್ತು ರೂಪಾಯಿ ಕೂಡಿಸಿ ನನ್ನ ಹತ್ರ ಬರ್ತಾವೆ. ಅವಕ್ಕೆ ಬಟ್ಟೆ ಬಣ್ಣ ತಿನ್ನಿಸಿದವನು ಗಾಡಿಯವನೇ ಆಗಲಿ, ಎಸಿ ಹೋಟೆಲಿನವನೇ ಆಗಲಿ, ಒಳಗೆ ಹೋಗಲಿ. ಆದ್ರೆ ಕೆಂಪು ಬೇಕು ಅಂತ ಹಠ ಹಿಡಿದಿದ್ದು ಯಾರು? ಕಂದು ಬಣ್ಣದ ನನ್ನನ್ನ ನೋಡಿ ‘ಇದು ಗೋಬಿ ತರಾನೇ ಇಲ್ಲ’ ಅಂತ ಪಕ್ಕದ ಗಾಡಿಗೆ ಹೋದವರು ಯಾರು? ಬ್ಯಾಡಗಿ ಪುಡಿ ಕೆಜಿಗೆ ಎಷ್ಟು, ಆ ಪುಟ್ಟ ಡಬ್ಬಿಗೆ ಎಷ್ಟು ಅಂತ ಒಂದು ಸಲ ಅಂಗಡೀಲಿ ವಿಚಾರಿಸಿ. ಬಡವನ ಗಾಡಿ ಯಾವುದನ್ನ ಕೊಂಡಿತು ಅಂತ ತಿಳಿಯುತ್ತೆ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ನಿಮ್ಮ ಶಿಫಾರಸು? ಎಲ್ಲಿ ತಿನ್ನಬೇಕು?

ಗೋಬಿ: ಹೆಸರು ಹೇಳಲ್ಲ. ಹೇಳಿದ್ರೆ ನಾಳೆ ಅಲ್ಲೂ ಲೈಟು, ಟ್ರೈಪಾಡು ಬಂದು ನಿಲ್ಲುತ್ತೆ. ಗಾಡಿ ಹತ್ರ ಹೋಗಿ ಮೊದಲು ಬಾಣಲೆ ಎಣ್ಣೆ ನೋಡಿ. ಕಪ್ಪಗೆ ಮಂದವಾಗಿದ್ರೆ ಮುಂದಕ್ಕೆ ನಡೀರಿ. ತುಂಡು ಟ್ರಾಫಿಕ್ ಸಿಗ್ನಲ್ ಥರ ಕೆಂಪಗೆ ಹೊಳೀತಿದ್ರೂ ನಡೀರಿ. ತಿಂದು ಕೈ ತೊಳೆದ ಮೇಲೂ ಬೆರಳ ಸಂದೀಲಿ ಬಣ್ಣ ಉಳಿದ್ರೆ ಮತ್ತೆ ಆ ಕಡೆ ತಲೆ ಹಾಕಬೇಡಿ. ಗ್ರೇವಿಗಿಂತ ಡ್ರೈ ವಾಸಿ, ಯಾಕಂದ್ರೆ ಗ್ರೇವೀಲಿ ನಿನ್ನೆಯದು ಮುಳುಗಿರಬಹುದು. ಪಾರ್ಸೆಲ್ ಬೇಡ, ನಿಂತೇ ತಿನ್ನಿ. ಮಾಡಿಕೊಟ್ಟವನ ಹೆಸರು ಕೇಳಿ, ದೇಶ ಕೇಳಬೇಡಿ. ಆಮೇಲೆ ಬೇಕಾದ್ರೆ ಒಂದೇ ನಕ್ಷತ್ರ ಕೊಡಿ.

ಈ ಶಿಫಾರಸಿಗೆ ಅಂಕಣದ ಕಡೆಯಿಂದ ಒಂದೇ ತಿದ್ದುಪಡಿ: ಜಪಾನಿನದಿರಲಿ, ಥಾಯ್ಲೆಂಡಿನದಿರಲಿ, ಬಸವನಗುಡಿಯದೇ ಇರಲಿ, ಎರಡನೇ ಬಟ್ಟಲಿಗೆ ದುಡ್ಡು ಕೇಳುವ ಹೋಟೆಲಿಗೆ ನಮ್ಮಲ್ಲಿ ಸೊನ್ನೆ ನಕ್ಷತ್ರ.