ಹತ್ತರಿಂದ ಇಳಿಯದ ಟೋನಪ್ಪ

ಟೋನಪ್ಪನ ಗಿಟಾರನ್ನು ಇಡಿಯಾಗಿ ಕಂಡವರು ನಮ್ಮ ಬಳಗದಲ್ಲಿ ಕಡಿಮೆ. ಯಾವಾಗ ಹೋದರೂ ಅದು ಊಟದ ಮೇಜಿನ ಮೇಲೆ ಅಂಗಾತ ಮಲಗಿರುತ್ತದೆ. ತಂತಿಗಳನ್ನೆಲ್ಲ ಬಿಚ್ಚಿ ಸುರುಳಿ ಸುತ್ತಿಟ್ಟಿರುತ್ತಾನೆ. ಎದೆಯ ಮೇಲಿನ ಬಿಳಿ ಪ್ಲಾಸ್ಟಿಕ್ ಹಲಗೆ ಮಗುಚಿ ಬಿದ್ದು ಹೊಟ್ಟೆಯೊಳಗಿನ ವೈರುಗಳೆಲ್ಲ ಕಾಣುತ್ತಿರುತ್ತವೆ. ಅದರ ಹನ್ನೊಂದು ಸ್ಕ್ರೂಗಳು ಪಕ್ಕದ ಸ್ಟೀಲ್ ಬಟ್ಟಲಲ್ಲಿ. ಹನ್ನೊಂದು ಅಂದೆನೇ? ಬಟ್ಟಲಲ್ಲಿ ಹತ್ತು. ಇನ್ನೊಂದರ ಕಾಯಂ ವಿಳಾಸ ಸೋಫಾದ ಕೆಳಗೆ. "ಏನಾಯ್ತೋ ಇದಕ್ಕೆ?" ಎಂದು ಮಾತ್ರ ಕೇಳಬಾರದು. ಕೇಳಿದರೆ ಕಾಫಿ ಆರುವವರೆಗೆ ಪಾಠ. "ಏನೂ ಆಗಿಲ್ಲ ಕಣೋ. ಟೋನ್ ಇನ್ನೂ ಸ್ವಲ್ಪ ಓಪನ್ ಆಗ್ಬೇಕು" ಎಂದು ಶುರು.

ಟೋನಪ್ಪ ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ ಅನ್ನುವುದನ್ನು ಹೇಳಬೇಕಿಲ್ಲ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಕಾಲೇಜು ಹುಡುಗ. 2011ರಲ್ಲಿ ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗ ಸಾಫ್ಟ್‌ವೇರ್ ಸಂಬಳಗಾರ. ಈ ಎರಡರ ನಡುವೆ ಎಲ್ಲೋ ಇಂಡೋನೇಷ್ಯಾದಲ್ಲಿ ತಯಾರಾದ, ಸ್ಟ್ರಾಟೋಕಾಸ್ಟರ್ ಮಾದರಿಯ ಒಂದು ಗಿಟಾರು ಮನೆಗೆ ಬಂತು. ಮೊದಲ ವರ್ಷ ನುಡಿಸಿದ. ಆಮೇಲೆ ಬಿಚ್ಚಿದ. ಬೆಂಗಳೂರಿನಲ್ಲಿ ಇಂಥವರು ಬಡಾವಣೆಗೊಬ್ಬರಂತೆ ಸಿಗುತ್ತಾರೆ, ಮೈಸೂರೂ ಹುಬ್ಬಳ್ಳಿಯೂ ಹಿಂದೆ ಬಿದ್ದಿಲ್ಲ. ಹಾಗಾಗಿ ಓದುವವರು ತಮ್ಮ ಭಾವಮೈದುನನನ್ನೋ ಆಫೀಸಿನ ಪಕ್ಕದ ಸೀಟಿನವನನ್ನೋ ಈ ಜಾಗದಲ್ಲಿ ಕೂರಿಸಿಕೊಳ್ಳಬಹುದು.

ರೋಗ ಶುರುವಾದದ್ದು ಒಂದು ಕರಕರ ಸದ್ದಿನಿಂದ. ವಾಲ್ಯೂಮ್ ನಾಬ್ ತಿರುಗಿಸಿದರೆ ಆಂಪ್ಲಿಫೈಯರು ಹಪ್ಪಳ ಮುರಿಯುತ್ತಿತ್ತು. ಇದೇನೂ ದೊಡ್ಡ ಕಾಯಿಲೆಯಲ್ಲ. ನಾಬಿನ ಕೆಳಗೆ ಪಾಟ್ ಎಂಬ ಬಿಲ್ಲೆ ಇರುತ್ತದೆ. ಅದರೊಳಗೆ ಕುದುರೆಲಾಳದ ಆಕಾರದ ಇಂಗಾಲದ ಪಟ್ಟಿ, ಆ ಪಟ್ಟಿಯ ಮೇಲೆ ಜಾರುವ ಲೋಹದ ಪುಟ್ಟ ನಾಲಿಗೆ. ನಡುವೆ ಧೂಳೋ ಕಿಲುಬೋ ಕೂತರೆ ನಾಲಿಗೆ ತೊದಲುತ್ತದೆ. ನಮ್ಮ ಊರಲ್ಲಿ ಧೂಳಿಗೇನು ಬರ, ರಸ್ತೆ ಅಗೆಯುವವರು ಸುಖವಾಗಿರುವ ತನಕ!

ಆಗ ಮನೆಯಲ್ಲಿದ್ದ ಮಾವನವರು ಮರ್ಫಿ ರೇಡಿಯೋ ಕಾಲದವರು. "ಅಳಿಯಂದಿರೇ, ಹೊಲಿಗೆ ಮೆಷಿನ್ ಎಣ್ಣೆ ಎರಡು ತೊಟ್ಟು ಬಿಡಿ, ಸರಿಹೋಗತ್ತೆ" ಎಂದರು. ಟೋನಪ್ಪನ ಮುಖ ಕಪ್ಪಿಟ್ಟಿತು. ಎಣ್ಣೆ ಬಿಟ್ಟರೆ ಧೂಳಿಗೆ ಕೂರಲು ಚಾಪೆ ಹಾಸಿದಂತೆ ಅನ್ನುವುದು ನಿಜವೇ. ಕೀಲುಗಳಿಗೆ ಹೊಡೆಯುವ ಮಾಮೂಲಿ ಡಬ್ಲ್ಯುಡಿ-40 ಕೂಡ ಇದಕ್ಕಲ್ಲ. 1953ರಲ್ಲಿ ಅದನ್ನು ಹುಟ್ಟುಹಾಕಿದ್ದು ನೀರಿನ ಪಸೆ ಓಡಿಸಿ ತುಕ್ಕು ತಡೆಯಲು. ಬೇಕಾದದ್ದು ಕಾಂಟ್ಯಾಕ್ಟ್ ಕ್ಲೀನರ್. ಪಾಟಿನ ಮೂರು ಕಾಲುಗಳ ಮೇಲೆ ಒಂದು ಸೀಳು ಇರುತ್ತದೆ. ಅಲ್ಲಿಗೆ ಸ್ಪ್ರೇ ಕೊಳವೆ ತೂರಿಸಿ ಒಮ್ಮೆ ಚಿರ್ ಅನ್ನಿಸಿ, ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ ಆರಲು ಬಿಟ್ಟರೆ ಮುಗಿಯಿತು. ಟೋನಪ್ಪ ಹಾಗೇ ಮಾಡಿದ. ಕರಕರ ನಿಂತಿತು.

ನಿಂತದ್ದೇ ಅವನ ದುಃಖಕ್ಕೆ ಕಾರಣವಾಯಿತು. ಅಷ್ಟು ಬಿಚ್ಚಿ, ಅಷ್ಟು ಓದಿಕೊಂಡು, ಕಡೆಗೆ ಒಂದು ಚಿರ್‌ನಲ್ಲಿ ಮುಗಿದರೆ ಮನುಷ್ಯ ಶನಿವಾರ ಏನು ಮಾಡಬೇಕು? "ಕ್ಲೀನ್ ಆಯ್ತು ಸರಿ. ಆದ್ರೆ ಪಾಟೇ ಚೀಪು" ಎಂದು ಘೋಷಿಸಿ ಎಸ್.ಪಿ. ರೋಡಿಗೆ ಹೊರಟ.

ಎಸ್.ಪಿ. ರೋಡೆಂದರೆ ಸಾದರ ಪತ್ರಪ್ಪನವರ ರಸ್ತೆ. ಬೆಂಗಳೂರಿನ ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟುಗಳೆಲ್ಲ ಜೀವ ಪಡೆದ ಬೀದಿ. ಅಲ್ಲಿ ಒಂದು ಪಾಟ್ ಒಂದು ಪ್ಲೇಟ್ ಇಡ್ಲಿಯ ದುಡ್ಡಿಗೆ ಸಿಗುತ್ತದೆ. ನಾನೂ ಜೊತೆಗೆ ಹೋಗಿದ್ದೆ, ಪಾರ್ಕಿಂಗ್ ಕಾಯಲು.

"250 ಕೆ ಪಾಟ್ ಬೇಕು."

"ಆಂಪ್ಲಿಫೈಯರ್‌ಗಾ ಸಾರ್?"

"ಗಿಟಾರ್‌ಗೆ. ಎ ಟೇಪರ್. ಬಿ ಬೇಡ."

"ಎಲ್ಲಾ ಒಂದೇ ಸಾರ್, ತಿರುಗಿದ್ರೆ ಆಯ್ತಲ್ಲ."

ಇಲ್ಲಿ ನಾನು ಟೋನಪ್ಪನ ಪರ. ಎರಡೂ ಒಂದೇ ಅಲ್ಲ. ನಮ್ಮ ಕಿವಿ ಸದ್ದನ್ನು ಸ್ಕೇಲು ಇಟ್ಟು ಅಳೆಯುವುದಿಲ್ಲ. ಸದ್ದು ಹಲವು ಪಟ್ಟು ಏರಿದರೆ ತಾನೇ ಅದಕ್ಕೆ ದುಪ್ಪಟ್ಟಾದಂತೆ ತೋರುವುದು. ಅದಕ್ಕೆ ಹೊಂದಿಸಿ ಲಾಗ್ ಪಾಟ್ ಮಾಡಿರುತ್ತಾರೆ, ಅದೇ ಎ. ಬಿ ಎಂದರೆ ಲೀನಿಯರ್. ಅದನ್ನು ವಾಲ್ಯೂಮಿಗೆ ಹಾಕಿದರೆ ಹತ್ತರಿಂದ ಮೂರರವರೆಗೆ ಇಳಿಸಿದರೂ ಅಂಥ ವ್ಯತ್ಯಾಸ ಗೊತ್ತಾಗದು, ಅಲ್ಲಿಂದಾಚೆಗೆ ಸದ್ದು ದಡಕ್ಕನೆ ಬಿದ್ದುಹೋಗುತ್ತದೆ. ಇಷ್ಟು ಹೇಳಿ ಸುಮ್ಮನಾಗಿದ್ದರೆ ಅಂಗಡಿಯವನೂ ಒಪ್ಪುತ್ತಿದ್ದ. ಆದರೆ ಟೋನಪ್ಪ ಜೇಬಿನಿಂದ ಮಲ್ಟಿಮೀಟರ್ ತೆಗೆದ. 250 ಕಿಲೋ ಓಂ ಎಂದು ಅಚ್ಚಾಗಿದ್ದರೂ ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು. 200 ಇದ್ದರೂ 250, 300 ಇದ್ದರೂ 250. ಪಾಟಿನ ಓಂ ಹೆಚ್ಚಿದಷ್ಟೂ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನ ಹೊಳಪು ಸೋರಿಹೋಗುವುದು ಕಡಿಮೆ. ಅದಕ್ಕೇ ಒಂಟಿ ಸುರುಳಿಯ ಪಿಕಪ್ಪಿಗೆ 250, ಜೋಡಿ ಸುರುಳಿಯ ಹಂಬಕರಿಗೆ 500 ಹಾಕುವುದು ವಾಡಿಕೆ. ಹಾಗಾಗಿ ಡಬ್ಬಿಯಲ್ಲಿದ್ದ ಪಾಟುಗಳನ್ನೆಲ್ಲ ಕೌಂಟರಿನ ಮೇಲೆ ಸಾಲಾಗಿ ಮಲಗಿಸಿ, ಒಂದೊಂದಕ್ಕೂ ಕೆಂಪು ಕಡ್ಡಿ ಕಪ್ಪು ಕಡ್ಡಿ ಚುಚ್ಚಿ "ಇನ್ನೂರ ಮೂವತ್ತೊಂದು... ಛೆ. ಇನ್ನೂರ ಎಪ್ಪತ್ತಾರು... ಹಾಂ!" ಎನ್ನುತ್ತಾ ಕೂತ. ಹಿಂದೆ ಕ್ಯೂ ಬೆಳೆಯಿತು. ಎಲ್‌ಇಡಿ ಪಟ್ಟಿ ಕೇಳಲು ಬಂದಿದ್ದ ಒಬ್ಬರು ನನ್ನ ಕಿವಿಯಲ್ಲಿ, "ಇವ್ರು ಇನ್‌ಸ್ಪೆಕ್ಷನ್‌ಗೆ ಬಂದವರಾ?" ಎಂದು ವಿಚಾರಿಸಿದರು.

ಅಷ್ಟು ಜರಡಿ ಹಿಡಿದು ತಂದ ಪಾಟುಗಳಿಗೂ ಆಯುಷ್ಯ ಬಹಳವಿರಲಿಲ್ಲ. ಅಮೆರಿಕದ ಸಿಟಿಎಸ್ ಪಾಟುಗಳು ಕೊರಿಯರಿನಲ್ಲಿ ಬಂದವು. ಅವುಗಳ ಬೆನ್ನಿನ ಮೇಲೆ ಅಂಕಿಗಳಿರುತ್ತವೆ. ಹಳೆಯ ಗಿಟಾರಿನ ಪಾಟಿನಲ್ಲಿ 1376633 ಎಂದಿದ್ದರೆ 137 ಅಂದರೆ ತಯಾರಕರು ಸಿಟಿಎಸ್, 66 ಅಂದರೆ 1966, 33 ಅಂದರೆ ಆ ವರ್ಷದ 33ನೇ ವಾರ. ಗಿಟಾರಿನ ವಯಸ್ಸು ಪತ್ತೆ ಹಚ್ಚುವವರು ಮೊದಲು ನೋಡುವುದೇ ಇದನ್ನು. ಟೋನಪ್ಪನಿಗೆ ಹೆಂಡತಿಯ ಹುಟ್ಟುಹಬ್ಬ ಪ್ರತಿವರ್ಷ ಮರೆಯುತ್ತದೆ, ಪಾಟಿನದು ವಾರದ ಸಮೇತ ನೆನಪಿರುತ್ತದೆ.

ಈ ಸಿಟಿಎಸ್ ಬಂದ ಮೇಲೆ ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರ ಕತ್ತು ಸುಮಾರು 9.5 ಮಿಲಿಮೀಟರ್ ದಪ್ಪ. ಇವನ ಗಿಟಾರಿನ ತೂತು 8. ಸರಿ, ಬಾಡಿಗೆಗೆ ಡ್ರಿಲ್ ತಂದ. ತೂತು ದೊಡ್ಡದಾಯಿತು, ಪ್ಲಾಸ್ಟಿಕ್ ಹಲಗೆ ಅಂಚಿನಲ್ಲಿ ಸೀಳಿತು. ಹೊಸ ಹಲಗೆ ಬಂತು. ಪಾಟ್ ಕೂತಿತು, ಆದರೆ ಹಳೆಯ ನಾಬ್ ಅದರ ಮೇಲೆ ಕೂರಲೊಲ್ಲದು. ಏಷ್ಯಾದ ಪಾಟಿನ ಕಡ್ಡಿಗೆ 18 ಹಲ್ಲು, ಅಮೆರಿಕದ್ದಕ್ಕೆ 24. ಹೊಸ ನಾಬ್ ತರಿಸಿದ. ಅದರ ಬಿಳುಪು ಹೊಸ ಹಲಗೆಯ ಬಿಳುಪಿಗಿಂತ ಕೊಂಚ ಕೆನೆ. ಈಗ ಪಿಕಪ್ಪಿನ ಮುಚ್ಚಳಗಳೂ ಕೆನೆಯಾಗಬೇಕು. ಮುಚ್ಚಳ ಬದಲಿಸುವಾಗ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿ ಕಡಿಯಿತು. ಹೊಸ ಪಿಕಪ್.

ಬೆಸುಗೆಯದು ಇನ್ನೊಂದು ಕತೆ. ನೆಲದ ತಂತಿಯನ್ನು ಪಾಟಿನ ಬೆನ್ನಿಗೇ ಬೆಸೆಯಬೇಕು. ಆ ಲೋಹದ ಬೆನ್ನು 25 ವ್ಯಾಟಿನ ಐರನ್ನಿನ ಬಿಸಿಯನ್ನೆಲ್ಲ ಕುಡಿದು ತಣ್ಣಗೆ ಕೂರುತ್ತದೆ. ಸೀಸ ಕರಗಿ ಹರಡುವ ಬದಲು ಬೂದು ಬಣ್ಣದ ಗುಳಿಗೆಯಾಗಿ ಉರುಳಿಬೀಳುತ್ತದೆ. ತಿಳಿದವರು ಬೆನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ, ದಪ್ಪ ಮೂತಿಯ ಹೆಚ್ಚು ವ್ಯಾಟಿನ ಐರನ್ ಇಟ್ಟು ಎರಡು ಮೂರು ಸೆಕೆಂಡಿನಲ್ಲಿ ಮುಗಿಸುತ್ತಾರೆ. ಟೋನಪ್ಪ ಐದು ನಿಮಿಷ ಒತ್ತಿ ಹಿಡಿದ. ಅಡುಗೆಮನೆಯ ಒಗ್ಗರಣೆಗೂ ಮೇಜಿನ ಮೇಲಿನ ರಾಳದ ಹೊಗೆಗೂ ನಡುಮನೆಯಲ್ಲಿ ಭೇಟಿಯಾಗಿ, ಅಂದಿನ ಹುಳಿಗೆ ಒಂದು ಟೋನ್ ಬಂತು ಎಂದು ಮಾವನವರು ಹೇಳಿದರು.

ಇಷ್ಟರ ಮೇಲೆ ಕೆಪಾಸಿಟರ್. ಎಸ್.ಪಿ. ರೋಡಿನಲ್ಲಿ 473 ಎಂದು ಕೇಳಿದರೆ 0.047 ಮೈಕ್ರೋಫ್ಯಾರಡಿನ ಹಸಿರು ಕಂಡೆನ್ಸರು ಚಿಲ್ಲರೆ ಕಾಸಿಗೆ ಕೊಡುತ್ತಾರೆ. ಟೋನ್ ನಾಬ್ ಇಳಿಸಿದಾಗ ಮೇಲ್‌ಸ್ಥಾಯಿಯ ಚೂಪನ್ನು ನೆಲಕ್ಕೆ ಹರಿಸಿಬಿಡುವುದಷ್ಟೇ ಅದರ ಕೆಲಸ. ಆದರೆ 1950ರ ದಶಕದ ಗಿಬ್ಸನ್ ಲೆಸ್ ಪಾಲ್‌ಗಳಲ್ಲಿ ಸ್ಪ್ರೇಗ್ ಕಂಪನಿಯ, ಕಪ್ಪು ಮೈಗೆ ಬಣ್ಣದ ಪಟ್ಟೆ ಬಳಿದ 'ಬಂಬಲ್‌ಬೀ' ಕೆಪಾಸಿಟರುಗಳಿದ್ದವು. ಅಂಥದ್ದೊಂದನ್ನು ಕಂಡರೆ ಟೋನಪ್ಪನ ಜಾತಿಯವರು ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಇವನು ಎಣ್ಣೆಯಲ್ಲಿ ಅದ್ದಿದ ಕಾಗದದ ಕೆಪಾಸಿಟರೊಂದನ್ನು ತರಿಸಿ ಹಾಕಿದ ದಿನ ಮನೆಯವರನ್ನೆಲ್ಲ ಕೂರಿಸಿ ಒಂದೇ ಶ್ರುತಿಯನ್ನು ಮತ್ತೆ ಮತ್ತೆ ಮೀಟಿದ.

"ವ್ಯತ್ಯಾಸ ಕೇಳಿಸ್ತಾ?"

"ಕುಕ್ಕರ್ ಮೂರು ಸಲ ಕೂಗಿದ್ದು ಕೇಳಿಸ್ತು ರೀ" ಎಂದು ಹೆಂಡತಿ ಎದ್ದು ಹೋದಳು.

ಆಕೆಯ ಕಿವಿ ಚೆನ್ನಾಗಿಯೇ ಇದೆ. ಟೋನ್ ನಾಬ್ ಹತ್ತರಲ್ಲಿದ್ದಾಗ ಆ ಕೆಪಾಸಿಟರಿಗೂ ನಾದಕ್ಕೂ ನಡುವೆ 250 ಕಿಲೋ ಓಂ ಗೋಡೆ ಎದ್ದಿರುತ್ತದೆ. ಆಚೆಗೆ ಎಣ್ಣೆಕಾಗದವಿದ್ದರೂ ಒಂದೇ, ಹಸಿರು ಪ್ಲಾಸ್ಟಿಕ್ ಇದ್ದರೂ ಒಂದೇ. ನಮ್ಮ ಟೋನಪ್ಪನೋ, ಗಿಟಾರು ಕೊಂಡ ದಿನದಿಂದ ಮೂರೂ ನಾಬುಗಳನ್ನು ಹತ್ತರಲ್ಲೇ ಇಟ್ಟವನು! ವಾಲ್ಯೂಮ್ ಹತ್ತು, ಟೋನ್ ಹತ್ತು, ಇನ್ನೊಂದು ಟೋನೂ ಹತ್ತು. ವಾಲ್ಯೂಮ್ ತಗ್ಗಿಸಿದಾಗ ಚೂಪು ಮಂಕಾಗದಿರಲೆಂದು ಒಂದು ನ್ಯಾನೋಫ್ಯಾರಡಿನ ಕೆಪಾಸಿಟರೂ 150 ಕಿಲೋ ಓಮಿನ ರೆಸಿಸ್ಟರೂ ಸೇರಿಸಿ 'ಟ್ರೆಬಲ್ ಬ್ಲೀಡ್' ಬೇರೆ ಕೂರಿಸಿದ್ದಾನೆ. ತಗ್ಗಿಸುವವರು ಯಾರು?

ಜೆಫ್ ಬೆಕ್ ನುಡಿಸುವಾಗ ಕಿರುಬೆರಳನ್ನು ವಾಲ್ಯೂಮ್ ನಾಬಿನ ಮೇಲೇ ಇಟ್ಟು ಸ್ವರವನ್ನು ಪಿಟೀಲಿನಂತೆ ಉಬ್ಬಿಸುತ್ತಿದ್ದ. ಎರಿಕ್ ಕ್ಲಾಪ್ಟನ್ 1960ರ ದಶಕದಲ್ಲಿ ಕ್ರೀಮ್ ತಂಡದಲ್ಲಿದ್ದಾಗ ಟೋನ್ ನಾಬನ್ನು ಪೂರ್ತಿ ಇಳಿಸಿ ದುಂಡಗಿನ ಒಂದು ನಾದ ತೆಗೆದ. ಎಡ್ಡಿ ವ್ಯಾನ್ ಹೇಲನ್ ಕೈಯಾರೆ ಜೋಡಿಸಿಕೊಂಡ ಗಿಟಾರಿನಲ್ಲಿ ಇದ್ದದ್ದೇ ಒಂದು ನಾಬ್. ಅದರ ಮೇಲೆ 'ಟೋನ್' ಎಂದು ಬರೆದಿತ್ತು, ಕೆಲಸ ಮಾಡುತ್ತಿದ್ದದ್ದು ವಾಲ್ಯೂಮಿನದು. ಇದನ್ನು ಹೇಳಿದರೆ ಟೋನಪ್ಪನಿಗೆ ಇರುಸುಮುರುಸು. ನುಡಿಸುವ ಮಾತೆತ್ತಿದರೆ ಅವನ ಬತ್ತಳಿಕೆಯಲ್ಲಿ ಒಂದೇ ಬಾಣ: "ಸ್ಟ್ರಾಟೋಕಾಸ್ಟರ್ ಮಾಡಿದ ಲಿಯೋ ಫೆಂಡರ್‌ಗೇ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ ಗೊತ್ತಾ?" ಮಾತು ಸುಳ್ಳಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವನು ಆತ. ಆದರೆ ಪಾಪ, ಮುಗಿದ ಗಿಟಾರನ್ನು ನುಡಿಸುವವರ ಕೈಗೆ ಕೊಟ್ಟು ಕಳಿಸುತ್ತಿದ್ದ.

ಅಷ್ಟೆಲ್ಲ ಆದರೂ ಕರಕರ ಮತ್ತೆ ಬಂತು, ಸಿಟಿಎಸ್ಸಿನಲ್ಲೇ. ಗಾಂಧಿಬಜಾರಿನ ಕಡೆ ಇನ್ನೂ ಬಾಗಿಲು ತೆರೆಯುವ ಒಬ್ಬ ಹಳೆಯ ರೇಡಿಯೋ ಮೆಕ್ಯಾನಿಕ್ಕರ ಹತ್ತಿರ ಒಯ್ದೆವು. ಅವರು ಗಿಟಾರು ಬಿಚ್ಚಲಿಲ್ಲ. ನಾಬನ್ನು ಹಿಂದೆ ಮುಂದೆ ಹತ್ತಿಪ್ಪತ್ತು ಸಲ ತಿರುಗಿಸಿ, "ಈಗ ನೋಡಿ" ಎಂದರು. ಸದ್ದು ನಿಂತಿತ್ತು. "ಇದನ್ನ ಮುಟ್ಟೋದೇ ಇಲ್ವಾ ಸ್ವಾಮಿ? ಬಳಸ್ತಾ ಇದ್ರೆ ನಾಲಿಗೆ ತಾನೇ ಪಟ್ಟಿ ಉಜ್ಕೊಳ್ಳತ್ತೆ. ಸುಮ್ನೆ ಇಟ್ರೆ ಕಿಲುಬು." ದುಡ್ಡು ತಗೊಳ್ಳಲಿಲ್ಲ. ಟೋನಪ್ಪ ದಾರಿಯುದ್ದಕ್ಕೂ, "ಅವರಿಗೆ ಗಿಟಾರ್ ಗೊತ್ತಿಲ್ಲ ಬಿಡು" ಎನ್ನುತ್ತಾ ಬಂದ.

ಕಳೆದ ರಾಜ್ಯೋತ್ಸವಕ್ಕೆ ಅವನ ಅಪಾರ್ಟ್‌ಮೆಂಟಿನ ಸಂಘದವರು ನಾಡಗೀತೆಗೆ ಗಿಟಾರು ಹಿಡಿಯಲು ಒಪ್ಪಿಸಿಬಿಟ್ಟರು. ಹನ್ನೊಂದನೇ ಸ್ಕ್ರೂ ಸಿಕ್ಕಿತು. ಶಾಮಿಯಾನದ ಕೆಳಗೆ ಮೂರನೇ ಮಹಡಿಯ ಆಂಟಿಯರು ಹಾಡಿದರು, ಟೋನಪ್ಪ ಹತ್ತು-ಹತ್ತು-ಹತ್ತರಲ್ಲಿ ಜೊತೆ ಕೊಟ್ಟ. ಕೇಳಲು ಚೆನ್ನಾಗಿಯೇ ಇತ್ತು, ದುಂಡಗೆ, ಮೆತ್ತಗೆ. ಹಾಡು ಮುಗಿದು ಕೆಳಗಿಳಿದವನಿಗೆ ಸೌಂಡ್ ಸಿಸ್ಟಮ್ಮಿನ ಹುಡುಗ ನಗುತ್ತಾ ಹೇಳಿದ: "ಸಾರ್, ನಿಮ್ ಗಿಟಾರು ಕೀ ಅಂತಿತ್ತು. ಟ್ರೆಬಲ್ ಪೂರ್ತಿ ಕಟ್ ಮಾಡಿಬಿಟ್ಟೆ. ಸೂಪರ್ ಬಂತು."

ಸಿಟಿಎಸ್ಸು, ಎಣ್ಣೆಕಾಗದ, ಕೆನೆ ಬಣ್ಣದ ಮುಚ್ಚಳ, ಟ್ರೆಬಲ್ ಬ್ಲೀಡು ಎಲ್ಲವೂ ಆ ಮಿಕ್ಸರಿನ ಒಂದು ನಾಬಿನೊಳಗೆ ಹೋಗಿದ್ದವು. ಜಗಳವಾಗುತ್ತದೆಂದು ನಾನು ಹತ್ತಿರ ಹೋದೆ. ಟೋನಪ್ಪ ಮಾತಾಡದೆ ಆ ನಾಬನ್ನು ಹಿಡಿದು ನಿಧಾನವಾಗಿ ಮೇಲಕ್ಕೆ ತಿರುಗಿಸಿದ. ಎರಡೂ ಸ್ಪೀಕರುಗಳು ಕರಕರ ಎಂದವು. ಅವನ ಮುಖ ಅರಳಿತು.

"ತಮ್ಮಾ, ಇದನ್ನ ಯಾವಾಗ ಕ್ಲೀನ್ ಮಾಡಿಸಿದ್ದೆ?"

"ಕ್ಲೀನಾ? ತಂದಾಗಿಂದ ಹಿಂಗೇ ಇದೆ ಸಾರ್."

ಗಿಟಾರು ಚೀಲದ ಪಕ್ಕದ ಜೇಬಿನಿಂದ ಸ್ಪ್ರೇ ಡಬ್ಬಿಯೂ ಸ್ಟಾರ್ ಸ್ಕ್ರೂಡ್ರೈವರೂ ಹೊರಬಂದವು. "ಎರಡೇ ನಿಮಿಷ" ಎಂದು ಪ್ಲಗ್ ಕಿತ್ತ. ಮಿಕ್ಸರಿನ ಬೆನ್ನು ಬಿಚ್ಚಿಕೊಳ್ಳುವಷ್ಟರಲ್ಲಿ ನಿರೂಪಕಿ ಅಧ್ಯಕ್ಷರನ್ನು ವೇದಿಕೆಗೆ ಕರೆದಾಗಿತ್ತು. ನಾಡು-ನುಡಿಯ ಬಗ್ಗೆ ಅವರು ಮುಕ್ಕಾಲು ಗಂಟೆ ಮಾತಾಡಿದರು, ಮೈಕಿಲ್ಲದೆ. ಎರಡನೇ ಸಾಲಿನಿಂದಾಚೆಗೆ ಏನೂ ಕೇಳಿಸಲಿಲ್ಲ. ಯಾರೂ ದೂರು ಕೊಡಲಿಲ್ಲ. ಮುಂದಿನ ವರ್ಷವೂ ಟೋನಪ್ಪನನ್ನೇ ಕರೆಯಬೇಕೆಂದು ಸಂಘದ ಹಲವರು ಆಗಲೇ ಕಾರ್ಯದರ್ಶಿಯ ಕಿವಿಗೆ ಹಾಕಿದ್ದಾರಂತೆ.