ಹಿಂದಿನ ಗಾಜು, ಮುಂದಿನ ಪ್ರಶ್ನೆಗಳು

ಕಾರಿನ ಮುಂದಿನ ಗಾಜಿಗೆ ಸಿಗುವ ಮರ್ಯಾದೆ ಹಿಂದಿನ ಗಾಜಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ಆಯುಧಪೂಜೆಯ ದಿನ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಮೇಲಿಂದ ಸೇವಂತಿಗೆ ಹಾರ, ಎಲ್ಲವೂ ಮುಂದಕ್ಕೇ. ಫಾಸ್ಟ್ಯಾಗ್ ಎಂಬ ಸರ್ಕಾರಿ ತಿಲಕವೂ ಅಲ್ಲಿಗೇ. ಸಿಗ್ನಲ್ಲಿನಲ್ಲಿ ಹುಡುಗ ಓಡಿಬಂದು ಬೇಡವೆಂದರೂ ಒರೆಸುವುದು ಅದನ್ನೇ. ಹಿಂದಿನ ಗಾಜಿನ ಪಾಲಿಗೆ ಬರುವುದು ಧೂಳು, ಮತ್ತು ಆ ಧೂಳಿನ ಮೇಲೆ ಬೀದಿಯ ಮಕ್ಕಳು ಬೆರಳಲ್ಲಿ ಬರೆದುಹೋಗುವ ‘ಅಂಕಲ್, ಕಾರ್ ತೊಳೀರಿ’.

ಆದರೂ ಊರಿನವರೆಲ್ಲ ಓದುವುದು ಹಿಂದಿನ ಗಾಜನ್ನೇ. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡವನಿಗೆ ಬೇರೆ ಓದು ಎಲ್ಲಿದೆ? ‘ಅಮ್ಮನ ಆಶೀರ್ವಾದ’, ‘ಶ್ರೀ ಮಂಜುನಾಥ ಪ್ರಸನ್ನ’, ಅರಿಶಿನ ಕುಂಕುಮ ಬಣ್ಣದ ಬಾವುಟ, ನಗುತ್ತಿರುವ ಅಪ್ಪು, ಸಾಲ ಕೊಟ್ಟ ಬ್ಯಾಂಕಿನ ಹೆಸರು. ‘ಬೇಬಿ ಆನ್ ಬೋರ್ಡ್’ ಎಂಬ ಹಳದಿ ಚೌಕವೂ ಇರುತ್ತದೆ. ಆ ಬೇಬಿ ಈಗ ಪಿಯುಸಿ ಮುಗಿಸಿ ಅದೇ ಕಾರನ್ನು ಓಡಿಸುತ್ತಿರುತ್ತಾನೆ. ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಬಾವುಟಕ್ಕೆಂದು ಬರೆದುಕೊಟ್ಟ ಹುಬ್ಬು ಗಂಟಿಕ್ಕಿದ ಹನುಮಂತ, ಸಮುದ್ರ ಹಾರಿದಷ್ಟೇ ಸಲೀಸಾಗಿ ದೇಶದ ಕಾರುಗಳ ಹಿಂದಿನ ಗಾಜಿಗೆ ಹಾರಿಬಿಟ್ಟ. ಚಿತ್ರಕಲೆಗೆ ಇಷ್ಟು ದೊಡ್ಡ ಗ್ಯಾಲರಿ ಬೇರೆಲ್ಲೂ ಸಿಕ್ಕಿರಲಾರದು, ಅದೂ ಬಾಡಿಗೆಯಿಲ್ಲದೆ.

ಇಂಥ ಗ್ಯಾಲರಿಯೊಂದು ತಿಪಟೂರಿನ ಕಡೆ ಒಂದು ಮದುವೆಯಲ್ಲಿ ಕ್ಷಣಮಾತ್ರದಲ್ಲಿ ಮಾಯವಾಯಿತು. ನಮ್ಮ ಭಾವ ನೆರಳು ಸಿಕ್ಕಿತೆಂಬ ಸಂತೋಷದಲ್ಲಿ ಕಾರನ್ನು ತೆಂಗಿನಮರದ ಬುಡದಲ್ಲಿ ನಿಲ್ಲಿಸಿದ್ದರು. ತಿಪಟೂರಿನಲ್ಲಿ ನೆರಳು ಕೊಡುವ ಮರ ಏನೇನು ಕೊಡುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಧಾರೆಗೆ ಹೊತ್ತಾಗಿತ್ತು. ಊಟದ ಎರಡನೆಯ ಪಂಕ್ತಿಯ ಹೊತ್ತಿಗೆ ದಪ್ಪನೆ ಸದ್ದು. ಬಲಿತ ಕಾಯಿ ಹಿಂದಿನ ಗಾಜಿನ ಮೇಲಂಚಿಗೆ ಬಡಿದಿತ್ತು. ತೋಟದ ಯಜಮಾನರು ಎಲೆ ಬಿಟ್ಟು ಎದ್ದು ಬಂದು ಮೊದಲು ಕೇಳಿದ್ದು, ‘ಕಾಯಿ ಒಡೀಲಿಲ್ವಲ್ಲ?’

ಕಾಯಿ ಒಡೆದಿರಲಿಲ್ಲ. ಗಾಜು ಮಾತ್ರ ಒಂದು ಹರಳೂ ಇನ್ನೊಂದಕ್ಕೆ ಅಂಟಿಕೊಳ್ಳದಂತೆ ಸೀಟಿನ ಮೇಲೆ, ಡಿಕ್ಕಿಯೊಳಗೆ, ಉಡುಗೊರೆಗೆ ತಂದಿದ್ದ ಸೀರೆಯ ಪೊಟ್ಟಣದೊಳಗೆ ಹರಡಿಹೋಗಿತ್ತು. ಅಲ್ಲೇ ಇದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರಿಗೆ ಇದು ಪಾಠಕ್ಕೆ ಒಳ್ಳೆಯ ಸಂದರ್ಭವೆನ್ನಿಸಿತು. ಮುಂದಿನದು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಒತ್ತಿ ಮಾಡಿದ್ದು, ಆದ್ದರಿಂದ ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ. ಹಿಂದಿನದು ಸಾಮಾನ್ಯವಾಗಿ ಒಂದೇ ಹಾಳೆ. ಅದನ್ನು 600 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ರಭಸವಾಗಿ ಗಾಳಿ ಊದಿ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ಕುಗ್ಗುತ್ತ ಹೊರಮೈಯನ್ನು ಒಳಕ್ಕೆ ಎಳೆಯುತ್ತದೆ. ಈ ಜಗ್ಗಾಟವೇ ಅದರ ಬಲ. ಆದರೆ ಅಂಚಿಗೆ ಒಂದು ಪೆಟ್ಟು ಆಳಕ್ಕೆ ಇಳಿಯಿತೆಂದರೆ ಜಗ್ಗಾಟವೆಲ್ಲ ಒಟ್ಟಿಗೇ ಬಿಡುಗಡೆಯಾಗಿ ಇಡೀ ಹಾಳೆ ಹರಳಾಗುತ್ತದೆ. ಹರಳು ಮೊಂಡಾಗಿರುವುದರಿಂದ ಕತ್ತು ಕೊಯ್ಯುವುದಿಲ್ಲ, ಅದೇ ಪುಣ್ಯ.

ಮಾಸ್ತರರು ಅಲ್ಲಿಗೇ ಬಿಡಲಿಲ್ಲ. ಹದಿನೇಳನೆಯ ಶತಮಾನದಲ್ಲಿ ರೂಪರ್ಟ್ ಎಂಬ ರಾಜಕುಮಾರ ಇಂಗ್ಲೆಂಡಿಗೆ ಕೆಲವು ಗಾಜಿನ ಹನಿಗಳನ್ನು ತಂದನಂತೆ. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿದರೆ ಬಾಲವಿರುವ ಹನಿಯಾಗುತ್ತದೆ. ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಜಗ್ಗದು, ಬಾಲದ ತುದಿ ಮುರಿದರೆ ಎಲ್ಲವೂ ಪುಡಿ. ಎರಡನೆಯ ಚಾರ್ಲ್ಸ್ ದೊರೆ 1661ರಲ್ಲಿ ಇದೇನೆಂದು ನೋಡಿ ಎಂದು ಅವನ್ನು ರಾಯಲ್ ಸೊಸೈಟಿಗೆ ಒಪ್ಪಿಸಿದ. ಭಾವ ಎಲ್ಲವನ್ನೂ ಕೇಳಿ, ‘ಸರಿ ಸಾರ್, ಈಗ ಇದಕ್ಕೆ ಎಷ್ಟಾಗಬಹುದು?’ ಎಂದರು.

ಇಲ್ಲಿಂದಲೇ ನನ್ನ ವಿಷಯ ಶುರುವಾಗುವುದು. ಗಾಜು ಒಡೆದವನನ್ನು ಊರೆಲ್ಲ ಪ್ರಶ್ನೆ ಕೇಳುತ್ತದೆ. ‘ಹೇಗಾಯ್ತು?’ ‘ಇನ್ಶೂರೆನ್ಸ್ ಇದೆ ತಾನೇ?’ ‘ಯಾರ ಕಣ್ಣು ಬಿತ್ತೋ?’ ‘ಹೊಸ ಕಾರು ತಗೊಂಡಾಗ ಕುಂಬಳಕಾಯಿ ಒಡೆದಿದ್ರಾ?’ ಅವನು ಮಾತ್ರ ಜಗತ್ತಿಗೆ ಕೇಳುವುದು ಒಂದೇ ಪ್ರಶ್ನೆ, ಎಷ್ಟಾಗುತ್ತೆ. ನಮ್ಮ ಭಾವ ಕಾಲು ಕೆ.ಜಿ. ಬೆಂಡೆಕಾಯಿಗೆ ಒಂದೊಂದರ ತುದಿ ಮುರಿದು ನೋಡುವವರು. ಅಂಥವರೂ ಸಾವಿರಾರು ರೂಪಾಯಿಯ ಗಾಜಿನ ಮುಂದೆ ಬೆಲೆಯೊಂದನ್ನೇ ಕೇಳಿ ಸುಮ್ಮನಾಗುತ್ತಾರೆ. ಯಂತ್ರದ ವಿಷಯದಲ್ಲಿ ಬಾಯಿಬಿಟ್ಟರೆ ನಮ್ಮ ಅಜ್ಞಾನ ಬಯಲಾಗುತ್ತದೆಂಬ ಭಯವಿರಬೇಕು. ಬೆಲೆ ಕೇಳುವುದರಲ್ಲಿ ಆ ಅಪಾಯವಿಲ್ಲ.

ಡಿಕ್ಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕಂದು ಟೇಪು ಸುತ್ತಿ, ದಾರಿಯುದ್ದಕ್ಕೂ ಪಟಪಟ ಎನ್ನಿಸಿಕೊಂಡು ಬೆಂಗಳೂರು ಸೇರಿದ ಮೇಲೆ ಭಾವ ಅಂಗಡಿಗಳಿಗೆ ಫೋನು ಹಚ್ಚಿದರು. ಕಾರಿನ ಹೆಸರು ಹೇಳಿದ್ದೇ ತಡ, ಮೊದಲ ಅಂಗಡಿ ಒಂದು ಬೆಲೆ ಹೇಳಿತು. ಎರಡನೆಯದು ಅದಕ್ಕಿಂತ ಕಡಿಮೆ ಹೇಳಿ, ‘ಈಗಲೇ ಬನ್ನಿ ಸಾರ್, ಅರ್ಧ ಗಂಟೇಲಿ ಮುಗಿಸ್ತೀವಿ’ ಎಂದಿತು. ಜೆ.ಸಿ. ರಸ್ತೆಯ ಒಬ್ಬ ಭಾಯಿ ಮಾತ್ರ ಬೆಲೆಯನ್ನೇ ಹೇಳಲಿಲ್ಲ. ‘ಯಾವ ವರ್ಷದ ಗಾಡಿ ಸಾರ್?’ ಎಂದರು. ಆಮೇಲೆ, ‘ಹಿಂದೆ ವೈಪರ್ ಇದೆಯಾ? ಗಾಜಲ್ಲಿ ಅಡ್ಡಗೆರೆ ಇತ್ತಾ?’ ಭಾವನಿಗೆ ಸಿಟ್ಟು ಬಂತು. ಬೆಲೆ ಕೇಳಿದರೆ ಪರೀಕ್ಷೆ ಮಾಡುತ್ತಾನಲ್ಲ! ನನಗೆ ಮಾತ್ರ ಆ ಅಂಗಡಿಗೇ ಹೋಗಬೇಕೆನ್ನಿಸಿತು.

ವೈಪರಿನ ಪ್ರಶ್ನೆ ಸಣ್ಣದಲ್ಲ. ಹೀಗೆ ಕಾಯಿಸಿ ತಣಿಸಿದ ಗಾಜನ್ನು ಆಮೇಲೆ ಕೊಯ್ಯುವುದಕ್ಕಾಗಲಿ ತೂತು ಕೊರೆಯುವುದಕ್ಕಾಗಲಿ ಬರುವುದಿಲ್ಲ, ಮುಟ್ಟಿದರೆ ಹರಳು. ತೂತೆಲ್ಲ ಕುಲುಮೆಗೆ ಹೋಗುವ ಮುಂಚೆಯೇ ಆಗಿರಬೇಕು. ಒಂದೇ ಹೆಸರಿನ ಕಾರಿನಲ್ಲೂ ಅಗ್ಗದ ಮಾದರಿಯ ಗಾಜಿಗೆ ತೂತಿರುವುದಿಲ್ಲ, ದುಬಾರಿಯದಕ್ಕೆ ಇರುತ್ತದೆ. ‘ತೂತು ನಾವೇ ಹಾಕ್ಕೊಡ್ತೀವಿ’ ಎನ್ನುವ ಅಂಗಡಿ ಸಿಕ್ಕರೆ ಚಹಾ ಕುಡಿಯುವುದಕ್ಕೂ ಕೂರದೆ ಎದ್ದುಬರುವುದು ಲೇಸು. ಸಣ್ಣ ಚುಕ್ಕೆ ಬಿದ್ದಿದೆ, ಅಂಟು ತುಂಬಿಸಿ ಸರಿಮಾಡಿ ಎಂಬ ಉಪಾಯವೂ ನಡೆಯುವುದು ಮುಂದಿನ ಗಾಜಿಗೆ ಮಾತ್ರ.

ಇನ್ನು ಅಡ್ಡಗೆರೆ. ಅದು ಡಿಸೈನು ಎಂದು ತಿಳಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಬೆಳ್ಳಿ ಬೆರೆಸಿದ ಲೇಪವನ್ನು ಗಾಜಿಗೆ ಅಚ್ಚೊತ್ತಿ ಸುಟ್ಟ ಗೆರೆಗಳವು. ಸ್ವಿಚ್ ಒತ್ತಿದರೆ ಬಿಸಿಯಾಗಿ ಗಾಜಿನ ಮಂಜು ಕರಗಿಸುತ್ತವೆ. ಬಯಲುಸೀಮೆಯಲ್ಲಿ ಆ ಸ್ವಿಚ್ಚನ್ನು ಮುಟ್ಟದೆಯೇ ಕಾರು ಮಾರುವವರುಂಟು. ಆದರೆ ಆಷಾಢದಲ್ಲಿ ಮಡಿಕೇರಿಗೋ ಆಗುಂಬೆಗೋ ಹೋದರೆ ಹಿಂದಿನ ಲಾರಿ ಕಾಣುವುದು ಆ ಗೆರೆಗಳ ದಯೆಯಿಂದ. ಆದ್ದರಿಂದ ಹೊಸ ಗಾಜಿನಲ್ಲಿ ಗೆರೆ ಇದೆಯೇ ಎಂದಷ್ಟೇ ಅಲ್ಲ, ಎರಡು ಬದಿಯ ತಂತಿ ಜೋಡಿಸಿ, ಗೆರೆ ಬೆಚ್ಚಗಾಗುವುದನ್ನು ತೋರಿಸಿ ಕೊಡುತ್ತಾರೆಯೇ ಎಂದೂ ಕೇಳಬೇಕು. ಕೆಲವು ಕಾರುಗಳಲ್ಲಿ ರೇಡಿಯೋದ ಆಂಟೆನಾ ಕೂಡ ಅದೇ ಗಾಜಿನಲ್ಲಿರುತ್ತದೆ. ಗಾಜು ಬದಲಾಯಿಸಿದ ಮಾರನೆಯ ದಿನದಿಂದ ಎಫ್.ಎಂ. ಕೊರಗುಟ್ಟಿದರೆ ಆಕಾಶವಾಣಿಯನ್ನು ಬಯ್ಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಅಂಗಡಿಗೆ ಹೋದಾಗ ಭಾಯಿ ಪಕ್ಕದ ಕಿಟಕಿಯ ಗಾಜಿನ ಮೂಲೆ ನೋಡಿದರು. ಅಲ್ಲೊಂದು ಪುಟ್ಟ ಮುದ್ರೆ ಇರುತ್ತದೆ: ತಯಾರಕರ ಹೆಸರು, ಐ.ಎಸ್.ಐ. ಗುರುತು, ಅಂಕಿ, ಕೆಲವು ಚುಕ್ಕಿ. ಅಂಕಿ ಮತ್ತು ಚುಕ್ಕಿ ಗಾಜು ತಯಾರಾದ ವರ್ಷ, ತಿಂಗಳಿನ ಲೆಕ್ಕ. ಹಳೆಯ ಕಾರು ಕೊಳ್ಳುವ ಜಾಣರು ಮೊದಲು ಬಗ್ಗಿ ನೋಡುವುದೇ ಇದನ್ನು. ಎಲ್ಲ ಗಾಜೂ ಒಂದು ವರ್ಷದ್ದು, ಹಿಂದಿನದು ಮಾತ್ರ ಇನ್ನೊಂದು ವರ್ಷದ್ದೆಂದರೆ ‘ಆಕ್ಸಿಡೆಂಟ್ ಗಾಡಿ’ ಎಂದು ಮೂಗು ಮುರಿಯುತ್ತಾರೆ. ತೆಂಗಿನಕಾಯಿ ಎಂದರೆ ಯಾರು ನಂಬುತ್ತಾರೆ? ಹಾಕಿಸಿದ್ದರ ಬಿಲ್ಲು ಇಟ್ಟುಕೊಳ್ಳುವುದು ಇದಕ್ಕೂ ಬೇಕು. ಮುದ್ರೆಯೇ ಇಲ್ಲದ ಗಾಜಾದರೆ ಬೆಲೆ ಎಷ್ಟು ಇಳಿದರೂ ಬೇಡ.

‘ಫಿಲ್ಮ್ ಇತ್ತಾ?’ ಎಂಬುದು ಮುಂದಿನ ಪ್ರಶ್ನೆ. ಭಾವ ಮೇಲೆ ಕೆಳಗೆ ನೋಡಿದರು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು ಬೆಳಕು ಬಿಡಬೇಕು, ಪಕ್ಕದವು ಶೇ. 50. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮನ್ನು ಕಿತ್ತುಹಾಕಿಸಿತು. ಆಮೇಲೆ ನಿಯಮಕ್ಕೆ ತಿದ್ದುಪಡಿಯಾಗಿ, 2024ರಲ್ಲಿ ಕೇರಳ ಹೈಕೋರ್ಟು ಅಳತೆಯೊಳಗಿದ್ದರೆ ಫಿಲ್ಮು ತಪ್ಪಲ್ಲವೆಂದಿತು. ವಾದ ಅತ್ತಿತ್ತ ವಾಲಿದರೂ 70 ಎಂಬ ಅಂಕಿ ಅಲುಗಿಲ್ಲ. ಭಾಯಿಯ ಕಾಳಜಿ ಕಾನೂನಿನದಲ್ಲ: ಫಿಲ್ಮು ಬಿಸಿಲಿಗೆ ಗುಳ್ಳೆಯೆದ್ದಾಗ ಬ್ಲೇಡು ಹಾಕಿ ಕೆರೆಯುತ್ತಾರೆ, ಫಿಲ್ಮಿನ ಜೊತೆಗೆ ಬೆಳ್ಳಿಗೆರೆಯೂ ಎದ್ದುಬರುತ್ತದೆ.

ಅಂಬಾಸಿಡರ್ ಕಾಲದಲ್ಲಿ ಗಾಜು ಕೂರುತ್ತಿದ್ದುದು ರಬ್ಬರ್ ಬೀಡಿಂಗಿನಲ್ಲಿ. ಬೀಡಿಂಗಿನ ಸಂದಿಗೆ ಹುರಿ ಸುತ್ತಿ, ಹೊರಗಿನವನು ಗಾಜು ಒತ್ತಿ, ಒಳಗಿನವನು ಹುರಿ ಎಳೆಯುತ್ತ ಬಂದರೆ ಟಪಟಪನೆ ಕೂರುತ್ತಿತ್ತು. ಈಗ ಎಲ್ಲ ಅಂಟು. ಪಾಲಿಯುರೆಥೇನ್ ಎಂಬ ಈ ಅಂಟು ಗಾಳಿಯ ತೇವ ಹೀರಿಕೊಂಡೇ ಗಟ್ಟಿಯಾಗುವುದು. ಹೀಗಾಗಿ ಮಂಗಳೂರಿನ ಸೆಕೆಗೆ ಬೇಗ, ವಿಜಯಪುರದ ಒಣ ಚಳಿಗೆ ನಿಧಾನ. ಮಂಗಳೂರಿನ ಬೆವರಿಗೂ ಒಂದು ಉಪಯೋಗವಿದೆ ಎಂದು ಕೇಳಿ ಖುಷಿಯಾಯಿತು. ಅಂಟಿನ ಟ್ಯೂಬಿಗೂ ಎಕ್ಸ್‌ಪೈರಿ ಇರುತ್ತದೆ. ಗುಳಿಗೆಯ ಎಕ್ಸ್‌ಪೈರಿಯನ್ನು ಕನ್ನಡಕ ಹಾಕಿ ಓದುವ ನಾವು ಇದನ್ನು ಓದುವುದಿಲ್ಲ. ಅಂಟು ಒಣಗಲು ಎಷ್ಟು ಹೊತ್ತು, ಯಾವಾಗ ಗಾಡಿ ಓಡಿಸಬಹುದು, ಎಷ್ಟು ದಿನ ಪ್ರೆಷರ್ ವಾಶ್ ಬೇಡ, ಇದನ್ನೆಲ್ಲ ಕೇಳಿದರೆ ಅರ್ಧ ಗಂಟೆಯ ಅಂಗಡಿಯ ಗುಟ್ಟು ತಿಳಿಯುತ್ತದೆ. ಮೊದಲ ದಿನ ಒಂದು ಕಿಟಕಿಯನ್ನು ಬೆರಳಗಲ ತೆರೆದಿಡಬೇಕಂತೆ. ಎಲ್ಲ ಮುಚ್ಚಿ ಬಾಗಿಲನ್ನು ಧಡ್ಡನೆ ಹಾಕಿದರೆ ಒಳಗಿನ ಗಾಳಿ ಹಸಿ ಅಂಟಿನ ಗಾಜನ್ನು ಹೊರಕ್ಕೆ ನೂಕುತ್ತದೆ. ನಮ್ಮ ಮನೆಯಲ್ಲಿ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕುವ ಒಬ್ಬರೂ ಇಲ್ಲದ್ದರಿಂದ ಈ ಮಾತನ್ನು ನಾನು ಎರಡು ಸಲ ಹೇಳಿಸಿಕೊಂಡೆ.

ಕೊನೆಗೆ ಬಂದದ್ದು ಇನ್ಶೂರೆನ್ಸ್. ಥರ್ಡ್ ಪಾರ್ಟಿ ಪಾಲಿಸಿಗೂ ನಮ್ಮ ಗಾಜಿಗೂ ಸಂಬಂಧವಿಲ್ಲ. ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಸವಕಲು ಕಳೆದರೂ ಗಾಜಿಗೆ ಸವಕಲು ಕಳೆಯುವುದಿಲ್ಲ ಎಂಬುದು ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿ, ಒಂದು ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಐದು ವರ್ಷ ಸುಮ್ಮನಿದ್ದು ಶೇ. 50ಕ್ಕೆ ಏರಿದ ಬೋನಸ್ಸು ಸೊನ್ನೆಗೆ ಇಳಿದು ಮತ್ತೆ 20ರಿಂದ ಹತ್ತಬೇಕು. ಗಾಜಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ, 1500 ಸಿ.ಸಿ. ಒಳಗಿನ ಕಾರಿಗೆ ನಾವೇ ಭರಿಸಬೇಕಾದ 1,000 ಕಳೆದರೆ ಕೈಗೆ ಬರುವುದು 5,000. ಸ್ವಂತ ಹಾನಿಯ ಪ್ರೀಮಿಯಂ 10,000 ಇದ್ದರೆ ಮುಂದಿನ ವರ್ಷವೇ 5,000ದ ರಿಯಾಯಿತಿ ಕಳೆದುಹೋಯಿತು, ಅದರ ಮುಂದಿನ ವರ್ಷಗಳ ನಷ್ಟ ಬೇರೆ. ಬೋನಸ್ ಉಳಿಸುವ ಹೆಚ್ಚುವರಿ ಕವರ್ ತೆಗೆದುಕೊಂಡವರ ಲೆಕ್ಕ ಬೇರೆ. ಕ್ಲೇಮ್ ಮಾಡುವುದೇ ಆದರೆ ಸರ್ವೇಯರ್ ನೋಡುವ ಮೊದಲು ಹಳೆಯ ಗಾಜಿನ ಗುರುತೆಲ್ಲ ಗುಡಿಸಿ ಎಸೆಯಬಾರದು. ಭಾವ ಬಿಲ್ಲಿನ ಹಿಂದೆ ಗುಣಿಸಿ ಕೂಡಿಸಿ, ಜೇಬಿನಿಂದಲೇ ಕೊಡುವುದೆಂದು ತೀರ್ಮಾನಿಸಿದರು. ಕೊಟ್ಟ ಮೇಲೂ ಹರಳು ಮುಗಿಯಲಿಲ್ಲ. ಸ್ಟೆಪ್ನಿಯ ಗುಂಡಿಯನ್ನೂ ವ್ಯಾಕ್ಯೂಮ್ ಹಾಕಿ ತೆಗೆಯುತ್ತೀರಾ ಎಂದು ಕೇಳುವುದೊಂದು ಉಳಿದಿತ್ತು, ಭಾಯಿಯೇ ನೆನಪಿಸಿದರು.

ಇಷ್ಟೆಲ್ಲ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಯಾರು ಹೋಗುತ್ತಾರೆ? ಹೋಗಬೇಕಾಗಿಯೂ ಇಲ್ಲ. ನಾವು ಎಷ್ಟು ಪ್ರಶ್ನೆ ಕೇಳುತ್ತೇವೆ ಎನ್ನುವುದಕ್ಕಿಂತ ಅಂಗಡಿಯವರು ನಮ್ಮನ್ನು ಎಷ್ಟು ಕೇಳುತ್ತಾರೆ ಎಂದು ಎಣಿಸಿದರೆ ಸಾಕು. ಕಾರಿನ ಹೆಸರು ಕೇಳಿದೊಡನೆ ಬೆಲೆ ಹೇಳುವವನ ಬಳಿ ಒಂದು ಗಾಜಿದೆ, ಅದನ್ನು ನಮಗೆ ದಾಟಿಸಬೇಕಾಗಿದೆ. ವರ್ಷ, ವೈಪರು, ಗೆರೆ, ಫಿಲ್ಮು ಎಂದು ತಲೆ ತಿನ್ನುವವನು ನಮ್ಮ ಕಾರಿಗೆ ಗಾಜು ಹುಡುಕುತ್ತಿದ್ದಾನೆ. ಈ ಪರೀಕ್ಷೆ ದರ್ಜಿಗೂ ಡಾಕ್ಟರಿಗೂ ನಡೆಯುತ್ತದೆ. ಗಂಡಿನ ಕಡೆಯವರಿಗೂ ನಡೆಯುತ್ತದೆಂದು ನಮ್ಮ ಅಕ್ಕ ಭಾವನ ಮುಂದೆಯೇ ಹೇಳುತ್ತಾಳೆ, ಅದರ ವಿವರಕ್ಕೆ ಹೋಗುವುದಿಲ್ಲ. ಬೆಲೆಯನ್ನು ಮಾತ್ರ ಕೊನೆಗೆ ಕೇಳಿ. ಹೇಗಿದ್ದರೂ ಅದು ಜಾಸ್ತಿಯೇ ಇರುತ್ತದೆ. ಅಷ್ಟು ಹೊತ್ತಿಗೆ ಏಕೆ ಜಾಸ್ತಿ ಎಂದಾದರೂ ಗೊತ್ತಾಗಿರುತ್ತದೆ.